ಕಂಪ್ಯೂಟರಿನ ಫೋಟೊ ಫೋನಿಗೆ: ಸಿಗ್ನಲ್ ಸಿಗದ ಊರಿನ ದಾರಿಗಳು

ಕಂಪ್ಯೂಟರಿನಲ್ಲಿರುವ ಫೋಟೊಗಳನ್ನು ಸ್ಮಾರ್ಟ್‌ಫೋನಿಗೆ ತರಲು ಮುಖ್ಯವಾಗಿ ಮೂರು ದಾರಿಗಳಿವೆ. ಡಾಟಾ ಕೇಬಲ್ ಒಂದು, ಅಕ್ಕಪಕ್ಕದಲ್ಲಿರುವ ಎರಡು ಯಂತ್ರಗಳ ನಡುವಿನ ವೈಫೈ ಇನ್ನೊಂದು, ಇಂಟರ್ನೆಟ್ ಮೂರನೆಯದು. ಪೇಟೆಯಲ್ಲಿ ಯಾವ ದಾರಿ ಹಿಡಿದರೂ ಕೆಲಸ ನಡೆದುಹೋಗುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಾಗಲ್ಲ. ಕೊರೊನಾ ಕಾಲದ ಆನ್‌ಲೈನ್ ತರಗತಿಗಳಿಗಾಗಿ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ ಸೀಮೆ ಇದು. ಇಲ್ಲಿ ಇಂಟರ್ನೆಟ್ಟನ್ನೇ ನಂಬಿ ಕೂತರೆ ನೂರು ಫೋಟೊ ಸಾಗಿಸಲು ಇಡೀ ರಾತ್ರಿ ಬೇಕಾಗಬಹುದು. ಕೇಬಲ್ ಇದ್ದರೆ ಅದೇ ಕೆಲಸ ಕೆಲವೇ ನಿಮಿಷಗಳದ್ದು.

ತೀರ್ಥಹಳ್ಳಿ ತಾಲ್ಲೂಕಿನ ಮಂಡಗದ್ದೆಯಲ್ಲಿ ಈ ಕೆಲಸ ಪ್ರತಿ ಮಳೆಗಾಲದಲ್ಲೂ ಎದುರಾಗುತ್ತದೆ. ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು ದಾಟಿ ಸುಮಾರು 30 ಕಿ.ಮೀ. ಬಂದರೆ ಹೆದ್ದಾರಿಯ ಪಕ್ಕದಲ್ಲೇ ತುಂಗೆ, ಹೊಳೆಯ ನಡುವೆ ಪುಟ್ಟದೊಂದು ನಡುಗಡ್ಡೆ. ಹೊಳೆ ತುಂಬಿ ಹರಿಯುವ ಹೊತ್ತಿನಲ್ಲಿ ಆ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಹಕ್ಕಿಗಳಿರುವುದು ನೀರಿನಾಚೆ. ದಡದಲ್ಲಿ ನಿಂತು ಫೋನಿನಲ್ಲಿ ತೆಗೆದರೆ ಮರದ ಮೇಲೆ ಬಿಳಿ ಚುಕ್ಕೆಗಳಷ್ಟೇ ಕಾಣುತ್ತವೆ. ಹಾಗಾಗಿ ಆಸಕ್ತರು ಉದ್ದನೆಯ ಲೆನ್ಸ್ ಇರುವ ಕ್ಯಾಮೆರಾ ತರುತ್ತಾರೆ. ಚಿತ್ರಗಳು ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಕಂಪ್ಯೂಟರಿಗೆ ಇಳಿಯುತ್ತವೆ, ಅಲ್ಲಿ ಒಳ್ಳೆಯವನ್ನು ಆರಿಸುವುದಾಗುತ್ತದೆ. ಆದರೆ ನಾಲ್ಕು ಜನರಿಗೆ ತೋರಿಸುವುದು, ಕಳಿಸುವುದು ಎಲ್ಲ ಫೋನಿನಿಂದಲೇ. ಮದುವೆ ಮನೆಗಳ ಕಥೆಯೂ ಇದೇ. ಸ್ಟುಡಿಯೊದವರು ಪೆನ್‌ಡ್ರೈವಿನಲ್ಲಿ ಕೊಟ್ಟ ಸಾವಿರಾರು ಫೋಟೊಗಳನ್ನು ಅಜ್ಜಿಗೆ ತೋರಿಸಬೇಕಾದರೆ ಅವು ಫೋನಿಗೆ ಬರಲೇಬೇಕು.

ಸಾಗಿಸಬೇಕಾದ ಭಾರ ಎಷ್ಟೆಂದು ಮೊದಲು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಜೆಪೆಗ್ ಚಿತ್ರ 8 ಎಂಬಿ ಎಂದು ಹಿಡಿದರೆ 500 ಚಿತ್ರಗಳಿಗೆ 4 ಜಿಬಿ ಆಯಿತು. 2000ನೇ ಇಸವಿಯಲ್ಲಿ ಬಂದ ಯುಎಸ್‌ಬಿ 2.0 ಕೇಬಲ್ಲಿನ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್. ಬಳಕೆಯಲ್ಲಿ ಅಷ್ಟು ಸಿಗುವುದಿಲ್ಲ. ಸೆಕೆಂಡಿಗೆ 30 ಎಂಬಿ ಸಿಕ್ಕರೂ ಈ 4 ಜಿಬಿ ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ. ಫೋನು ನಿಧಾನದ್ದಾದರೆ ಐದೋ ಹತ್ತೋ ನಿಮಿಷ. ಅದೇ ಇಂಟರ್ನೆಟ್ ಮೂಲಕ ಸೆಕೆಂಡಿಗೆ 5 ಮೆಗಾಬಿಟ್ ವೇಗದಲ್ಲಿ ಅಪ್‌ಲೋಡ್ ಮಾಡಲು ಒಂದೂಮುಕ್ಕಾಲು ಗಂಟೆ ಬೇಕು. ಆಮೇಲೆ ಫೋನಿಗೆ ಡೌನ್‌ಲೋಡ್ ಮಾಡುವ ಸಮಯ ಬೇರೆ, ಎರಡು ಸಲ ಖರ್ಚಾಗುವ ಡಾಟಾ ಬೇರೆ. ಬ್ಲೂಟೂತ್ ಇನ್ನೂ ನಿಧಾನ. ಸೆಕೆಂಡಿಗೆ 2 ಮೆಗಾಬಿಟ್ ಸಿಕ್ಕರೆ ನಾಲ್ಕೂವರೆ ಗಂಟೆಗೆ ಹತ್ತಿರ. ಎರಡೋ ಮೂರೋ ಚಿತ್ರಗಳಿಗೆ ಬಿಟ್ಟರೆ ಅದರಿಂದ ಪ್ರಯೋಜನವಿಲ್ಲ.

ಹೀಗಾಗಿ ಮೊದಲ ಆಯ್ಕೆ ಕೇಬಲ್. ಅಲ್ಲೂ ಮೊದಲ ತೊಡಕು ಕೇಬಲ್ಲಿನಿಂದಲೇ ಶುರುವಾಗುತ್ತದೆ. ಯುಎಸ್‌ಬಿ 2.0 ಕೇಬಲ್ಲಿನೊಳಗೆ ನಾಲ್ಕು ತಂತಿಗಳಿರುತ್ತವೆ. ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಚಾರ್ಜಿಂಗಿಗೆಂದೇ ಅಗ್ಗದಲ್ಲಿ ಮಾರುವ ಕೆಲವು ಕೇಬಲ್ಲುಗಳಲ್ಲಿ ಮಾಹಿತಿಯ ತಂತಿಗಳೇ ಇರುವುದಿಲ್ಲ. ಅಂಥ ಕೇಬಲ್ ಹಾಕಿದರೆ ಫೋನು ಚಾರ್ಜ್ ಆಗುತ್ತದೆ, ಕಂಪ್ಯೂಟರಿನಲ್ಲಿ ಮಾತ್ರ ಕಾಣಿಸುವುದಿಲ್ಲ. ಫೋನು ಕೆಟ್ಟಿದೆ, ಕಂಪ್ಯೂಟರಿಗೆ ವೈರಸ್ ಬಂದಿದೆ ಎಂದು ರಿಪೇರಿಗೆ ಒಯ್ಯುವ ಮೊದಲು ಫೋನಿನ ಜೊತೆ ಡಬ್ಬಿಯಲ್ಲಿ ಬಂದ ಕೇಬಲ್ಲನ್ನು ಹುಡುಕಿ ಒಮ್ಮೆ ಹಾಕಿ ನೋಡಬೇಕು.

ಸರಿಯಾದ ಕೇಬಲ್ ಜೋಡಿಸಿದರೂ ಆಂಡ್ರಾಯ್ಡ್ ಫೋನು ಮೊದಲಿಗೆ ಚಾರ್ಜ್ ಮಾತ್ರ ಆಗುತ್ತದೆ. ಫೋನಿನ ಲಾಕ್ ತೆಗೆದು, ಪರದೆಯ ಮೇಲಿನಿಂದ ಕೆಳಕ್ಕೆ ಎಳೆದರೆ ಯುಎಸ್‌ಬಿ ಕುರಿತ ಒಂದು ಸೂಚನೆ ಕಾಣುತ್ತದೆ. ಅದನ್ನು ಒತ್ತಿ ‘ಫೈಲ್ ಟ್ರಾನ್ಸ್‌ಫರ್’ ಆರಿಸಬೇಕು. ಆಗ ವಿಂಡೋಸ್ ಕಂಪ್ಯೂಟರಿನ ‘ದಿಸ್ ಪಿಸಿ’ಯಲ್ಲಿ ಫೋನಿನ ಹೆಸರು ಮೂಡುತ್ತದೆ. ಲಿನಕ್ಸಿನಲ್ಲೂ ಸಾಮಾನ್ಯವಾಗಿ ಇಷ್ಟೇ ಕೆಲಸ. ಮ್ಯಾಕ್ ಮಾತ್ರ ಆಂಡ್ರಾಯ್ಡ್ ಫೋನನ್ನು ತಾನಾಗಿ ಓದುವುದಿಲ್ಲ, ಅದಕ್ಕೆ ಬೇರೆ ತಂತ್ರಾಂಶ ಹಾಕಿಕೊಳ್ಳಬೇಕು. ಫೋನು ತಾನಾಗಿ ತೆರೆದುಕೊಳ್ಳದಿರುವುದು ಕಿರಿಕಿರಿಯೆನಿಸಿದರೂ ಅದು ರಕ್ಷಣೆಗೆ ಮಾಡಿದ ಏರ್ಪಾಡು. ಬಸ್ ನಿಲ್ದಾಣದಲ್ಲೋ ಅಂಗಡಿಯಲ್ಲೋ ಚಾರ್ಜಿಗೆ ಹಾಕಿದ ಫೋನಿನೊಳಗೆ ಯಾರೂ ಕೈಯಾಡಿಸಬಾರದೆಂಬುದು ಅದರ ಉದ್ದೇಶ.

ಫೋನು ಪೆನ್‌ಡ್ರೈವಿನ ಹಾಗೆ ನಡೆದುಕೊಳ್ಳದಿರುವುದಕ್ಕೂ ಕಾರಣವಿದೆ. ಹಳೆಯ ಆಂಡ್ರಾಯ್ಡ್ ಫೋನುಗಳು ಕಂಪ್ಯೂಟರಿಗೆ ಜೋಡಿಸಿದಾಗ ನಿಜಕ್ಕೂ ಪೆನ್‌ಡ್ರೈವೇ ಆಗುತ್ತಿದ್ದವು. ಆದರೆ ಅಷ್ಟು ಹೊತ್ತು ಮೆಮೊರಿ ಕಾರ್ಡ್ ಪೂರ್ತಿ ಕಂಪ್ಯೂಟರಿನ ವಶಕ್ಕೆ ಹೋಗಿ, ಫೋನಿಗೇ ತನ್ನ ಫೋಟೊಗಳು ಸಿಗುತ್ತಿರಲಿಲ್ಲ. 2011ರ ಆಂಡ್ರಾಯ್ಡ್ 3.0ರಿಂದ ಈ ಜಾಗಕ್ಕೆ ಎಂಟಿಪಿ ಎಂಬ ವ್ಯವಸ್ಥೆ ಬಂತು. ಇದರಲ್ಲಿ ಸಂಗ್ರಹದ ಯಜಮಾನಿಕೆ ಫೋನಿನದ್ದೇ. ಕಂಪ್ಯೂಟರು ‘ಈ ಫೈಲನ್ನು ಇಟ್ಟುಕೋ, ಆ ಫೈಲನ್ನು ಕೊಡು’ ಎಂದು ಒಂದೊಂದಾಗಿ ಕೇಳುತ್ತದೆ. ದೊಡ್ಡದೊಂದು ವಿಡಿಯೊ ಸರಾಗವಾಗಿ ಹೋದರೂ ನೂರಾರು ಸಣ್ಣ ಫೋಟೊಗಳು ತಡವರಿಸುತ್ತಾ ಹೋಗುವುದು ಈ ಒಂದೊಂದರ ವಿಚಾರಣೆಯಿಂದಲೇ.

ಇನ್ನು ಫೋಟೊಗಳನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆ. ಫೋನಿನ ‘ಇಂಟರ್ನಲ್ ಸ್ಟೋರೇಜ್’ ತೆರೆದರೆ ಡಿಸಿಐಎಂ, ಪಿಕ್ಚರ್ಸ್, ಡೌನ್‌ಲೋಡ್ ಮುಂತಾದ ಫೋಲ್ಡರುಗಳು ಕಾಣುತ್ತವೆ. ಡಿಸಿಐಎಂ ಎಂಬುದು ಡಿಜಿಟಲ್ ಕ್ಯಾಮೆರಾಗಳ ಕಾಲದಿಂದ ಬಂದ ಹೆಸರು, ಫೋನಿನ ಕ್ಯಾಮೆರಾ ತೆಗೆದ ಚಿತ್ರಗಳು ಕೂರುವುದು ಅದರೊಳಗಿನ ‘ಕ್ಯಾಮೆರಾ’ ಫೋಲ್ಡರಿನಲ್ಲಿ. ಹೊರಗಿನಿಂದ ತಂದ ಫೋಟೊಗಳನ್ನೂ ಅಲ್ಲಿಗೇ ಸುರಿಯುವುದು ಹಲವರ ರೂಢಿ. ಇದು ಒಳ್ಳೆಯದಲ್ಲ. ಎರಡೂ ಕಲಸಿಹೋಗುತ್ತವೆ. ಅಲ್ಲದೆ ಗೂಗಲ್ ಫೋಟೋಸಿನ ಬ್ಯಾಕಪ್ ಚಾಲೂ ಇದ್ದರೆ ಆ ಫೋಲ್ಡರಿಗೆ ಬಿದ್ದದ್ದೆಲ್ಲ ಇಂಟರ್ನೆಟ್ಟಿಗೆ ಏರತೊಡಗಿ ದಿನದ ಡಾಟಾ ಖಾಲಿಯಾಗಬಹುದು. 2021ರ ಜೂನ್ 1ರಿಂದ ಅಲ್ಲಿನ ಲೆಕ್ಕವಿಲ್ಲದ ಉಚಿತ ಜಾಗವೂ ನಿಂತಿದೆ. ಈಗ ಉಚಿತವಾಗಿರುವುದು ಜಿಮೇಲ್, ಡ್ರೈವ್ ಎಲ್ಲ ಸೇರಿ 15 ಜಿಬಿ. ಆದ್ದರಿಂದ ‘ಪಿಕ್ಚರ್ಸ್’ ಒಳಗೆ ಹೊಸ ಫೋಲ್ಡರ್ ಮಾಡಿ ಅಲ್ಲಿ ಪೇಸ್ಟ್ ಮಾಡುವುದು ಲೇಸು. ಫೋಲ್ಡರಿಗೆ ‘ಮಂಡಗದ್ದೆ ಹಕ್ಕಿಗಳು’ ಎಂದು ಯುನಿಕೋಡ್ ಕನ್ನಡದಲ್ಲೇ ಹೆಸರಿಟ್ಟರೆ ಫೋನಿನ ಗ್ಯಾಲರಿಯಲ್ಲೂ ಅದೇ ಹೆಸರಿನ ಆಲ್ಬಮ್ ಕಾಣುತ್ತದೆ.

ಪೇಸ್ಟ್ ಮಾಡಿದ ಮೇಲೂ ‘ಫೋಟೊ ಬಂದೇ ಇಲ್ಲ’ ಎನ್ನುವವರಿದ್ದಾರೆ. ಹೆಚ್ಚಿನ ಸಲ ಫೋಟೊ ಬಂದಿರುತ್ತದೆ, ಕಣ್ಣು ಹುಡುಕುವ ಜಾಗದಲ್ಲಿ ಇರುವುದಿಲ್ಲ. ಕ್ಯಾಮೆರಾದಿಂದ ನೇರವಾಗಿ ಬಂದ ಜೆಪೆಗ್ ಚಿತ್ರದೊಳಗೆ ಅದನ್ನು ತೆಗೆದ ದಿನ, ಗಂಟೆ, ಕ್ಯಾಮೆರಾದ ಹೆಸರು ಮೊದಲಾದ ವಿವರಗಳು ಎಕ್ಸಿಫ್ ಎಂಬ ರೂಪದಲ್ಲಿ ಅಡಗಿರುತ್ತವೆ. ಗ್ಯಾಲರಿ ಚಿತ್ರಗಳನ್ನು ಜೋಡಿಸುವುದು ಆ ದಿನಾಂಕದ ಪ್ರಕಾರ. 2012ರ ಮದುವೆಯ ಫೋಟೊ ಇವತ್ತು ಫೋನಿಗೆ ಬಂದರೂ ಅದು ಹೋಗಿ ಕೂರುವುದು 2012ರ ಸಾಲಿನಲ್ಲೇ. ಕ್ಯಾಮೆರಾದ ಗಡಿಯಾರ ತಪ್ಪಾಗಿದ್ದರೆ ನಿನ್ನೆ ತೆಗೆದ ಹಕ್ಕಿಯೂ ಎಷ್ಟೋ ವರ್ಷ ಹಿಂದಕ್ಕೆ ಜಾರಿರುತ್ತದೆ. ಆಲ್ಬಮ್ಮಿನ ಹೆಸರು ಹಿಡಿದು ಹುಡುಕಿದರೆ ಸಿಗುತ್ತದೆ. ಅಲ್ಲೂ ಕಾಣದಿದ್ದರೆ ಚಿತ್ರದ ಬಗೆಯನ್ನು ನೋಡಬೇಕು. ದೊಡ್ಡ ಕ್ಯಾಮೆರಾಗಳ ‘ರಾ’ ಫೈಲುಗಳನ್ನು ಎಲ್ಲ ಫೋನುಗಳ ಗ್ಯಾಲರಿಯೂ ತೋರಿಸುವುದಿಲ್ಲ, ಅವನ್ನು ಕಂಪ್ಯೂಟರಿನಲ್ಲೇ ಜೆಪೆಗ್‌ಗೆ ಬದಲಿಸಿ ತರಬೇಕು.

ಹೇಗೂ ಕಂಪ್ಯೂಟರ್ ಮುಂದೆ ಕೂತಾಗ ಮಾಡಿಕೊಳ್ಳಬಹುದಾದ ಇನ್ನೊಂದು ಕೆಲಸ ಚಿತ್ರದ ಅಳತೆ ಇಳಿಸುವುದು. 24 ಮೆಗಾಪಿಕ್ಸೆಲ್ ಎಂದರೆ ಅಡ್ಡಕ್ಕೆ 6000, ಉದ್ದಕ್ಕೆ 4000 ಚುಕ್ಕೆಗಳು. ಸಾಮಾನ್ಯ ಫೋನಿನ ಪರದೆಯಲ್ಲಿರುವುದು 1080 ಮತ್ತು 2400. ನೋಡುವುದಕ್ಕೆ, ಹಂಚುವುದಕ್ಕೆ ಉದ್ದನೆಯ ಬದಿ 2400 ಚುಕ್ಕೆಗಳಿದ್ದರೆ ಧಾರಾಳವಾಯಿತು. ಆಗ ಒಂದೊಂದು ಚಿತ್ರ 1 ಎಂಬಿಯ ಆಸುಪಾಸಿಗೆ ಇಳಿಯುತ್ತದೆ, 4 ಜಿಬಿಯ ಭಾರ ಅರ್ಧ ಜಿಬಿಯಷ್ಟಾಗುತ್ತದೆ. ಹಕ್ಕಿಯ ಚಿತ್ರಗಳಲ್ಲಿ ಒಂದು ಎಚ್ಚರ ಬೇಕು. ನಡುಗಡ್ಡೆಯ ಮರದಲ್ಲಿ ಕೂತ ಹಾವಕ್ಕಿ ಇಡೀ ಚೌಕಟ್ಟಿನ ಒಂದು ಮೂಲೆಯಷ್ಟೇ ಇರಬಹುದು. ಮೊದಲು ಹಕ್ಕಿಯ ಸುತ್ತ ಕತ್ತರಿಸಿಕೊಂಡು ಆಮೇಲೆ ಅಳತೆ ಇಳಿಸಬೇಕು. ಮೊದಲೇ ಇಳಿಸಿಬಿಟ್ಟರೆ ಕತ್ತರಿಸಿದ ಚೂರಿನಲ್ಲಿ ಗರಿಯ ಗೆರೆಗಳು ಉಳಿಯುವುದಿಲ್ಲ. ಇಳಿಸಿದ ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿ ಉಳಿಸಬೇಕು, ಮೂಲ ಚಿತ್ರದ ಮೇಲೆಯೇ ಬರೆಯಬಾರದು.

ಎಕ್ಸಿಫ್‌ನಲ್ಲಿ ಜಾಗದ ಅಕ್ಷಾಂಶ, ರೇಖಾಂಶಗಳೂ ಸೇರಿರುವುದುಂಟು. ಮಂಡಗದ್ದೆ ಎಲ್ಲರಿಗೂ ಗೊತ್ತಿರುವ ಜಾಗ, ಅಲ್ಲಿನ ಮಟ್ಟಿಗೆ ತೊಂದರೆಯಿಲ್ಲ. ಕಾಡಿನ ಒಳಗಿನ ಮಂಗಟ್ಟೆ ಹಕ್ಕಿಯ ಪೊಟರೆಯಂಥ ಚಿತ್ರಗಳನ್ನು ಹಂಚುವಾಗ ಮಾತ್ರ ಜಾಗದ ವಿವರವನ್ನು ಮೊದಲೇ ತೆಗೆದುಹಾಕಬೇಕು. ವಿಂಡೋಸಿನಲ್ಲಿ ಚಿತ್ರದ ‘ಪ್ರಾಪರ್ಟೀಸ್’ ತೆರೆದು, ‘ಡೀಟೇಲ್ಸ್’ ಭಾಗದಲ್ಲಿ ಇದನ್ನು ಅಳಿಸಬಹುದು. ಜಾಗ ತಿಳಿದು ಜನ ಸೇರತೊಡಗಿದರೆ ಗೂಡಿನ ಹಕ್ಕಿಗೆ ಕಾಟ ತಪ್ಪದು.

ಕೇಬಲ್ ಇಲ್ಲದಿದ್ದರೆ ಎರಡನೆಯ ದಾರಿ, ಇಂಟರ್ನೆಟ್ ಇಲ್ಲದ ವೈಫೈ. ಇಂಥದ್ದೊಂದು ಸಾಧ್ಯವಿದೆ ಎಂಬುದೇ ಬಹಳ ಜನರಿಗೆ ತಿಳಿದಿಲ್ಲ. ಫೋನಿನ ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿದರೆ ಎರಡು ಯಂತ್ರಗಳ ನಡುವೆ ನೇರ ಸಂಪರ್ಕ ಏರ್ಪಡುತ್ತದೆ. ಟವರಿನ ಸಿಗ್ನಲ್ ಒಂದು ಗೆರೆಯೂ ಇಲ್ಲದ ತೋಟದ ಮನೆಯಲ್ಲೂ ಇದು ನಡೆಯುತ್ತದೆ. ಎರಡರಲ್ಲೂ ಲೋಕಲ್‌ಸೆಂಡ್ ಎಂಬ ಉಚಿತ ತಂತ್ರಾಂಶವಿದ್ದರೆ ಫೋಟೊಗಳನ್ನು ಆರಿಸಿ ಫೋನಿನ ಹೆಸರು ಒತ್ತಿದರಾಯಿತು. ತಂತ್ರಾಂಶವನ್ನು ಮಾತ್ರ ಇಂಟರ್ನೆಟ್ ಸಿಗುವ ಕಡೆ ಮೊದಲೇ ಇಳಿಸಿಕೊಂಡಿರಬೇಕು. ಗೂಗಲ್‌ನ ಕ್ವಿಕ್ ಶೇರ್ ಕೂಡ ವಿಂಡೋಸ್ ಮತ್ತು ಆಂಡ್ರಾಯ್ಡ್ ನಡುವೆ ಇದೇ ಕೆಲಸ ಮಾಡುತ್ತದೆ. ಹಾಟ್‌ಸ್ಪಾಟ್ ಹಾಕುವಾಗ ಮೊಬೈಲ್ ಡಾಟಾ ಆಫ್ ಮಾಡುವುದನ್ನು ಮರೆಯಬಾರದು. ಇಲ್ಲವಾದರೆ ವಿಂಡೋಸ್ ಇದೇ ಸಮಯವೆಂದು ತನ್ನ ಅಪ್‌ಡೇಟ್‌ಗಳನ್ನು ಎಳೆದುಕೊಳ್ಳಲು ತೊಡಗಬಹುದು. ಹಿಂದೆ ಹಳ್ಳಿಹಳ್ಳಿಯಲ್ಲೂ ಬಳಕೆಯಲ್ಲಿದ್ದ ಶೇರ್‌ಇಟ್, ಝೆಂಡರ್‌ಗಳನ್ನು ಭಾರತ ಸರ್ಕಾರ 2020ರ ಜೂನ್ 29ರಂದು ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿ ಸೇರಿಸಿತು. ಅವುಗಳ ಹೆಸರಿನಲ್ಲಿ ಎಲ್ಲೆಲ್ಲೋ ಸಿಗುವ ಫೈಲುಗಳನ್ನು ಹಾಕಿಕೊಳ್ಳುವುದು ಅಪಾಯ.

ಮೇಜಿನ ಕಂಪ್ಯೂಟರಿಗೆ ವೈಫೈ ಇಲ್ಲದಿದ್ದರೆ ಪೆನ್‌ಡ್ರೈವಿಗೆ ಕಾಪಿ ಮಾಡಿ, ಒಟಿಜಿ ಎಂಬ ಸಣ್ಣ ಜೋಡಣೆಯ ಮೂಲಕ ಅದನ್ನು ಫೋನಿಗೇ ಚುಚ್ಚಬಹುದು. ಸ್ಟುಡಿಯೊ ಅಥವಾ ಸೈಬರ್ ಸೆಂಟರಿನ ಕಂಪ್ಯೂಟರಿನಿಂದ ಫೋಟೊ ತರಬೇಕಾದಾಗ ಫೋನನ್ನೇ ಜೋಡಿಸುವುದಕ್ಕಿಂತ ಇದು ಕ್ಷೇಮ.

ಇಂಟರ್ನೆಟ್ ದಾರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಫೈಬರ್ ಸಂಪರ್ಕವಿರುವ ಮನೆಗಳಿಗೆ ಗೂಗಲ್ ಡ್ರೈವ್ ಅಥವಾ ಫೋಟೋಸ್ ಸುಲಭ. ವಾಟ್ಸ್ಆ್ಯಪ್ ವೆಬ್ ಮೂಲಕ ತಮಗೆ ತಾವೇ ಕಳಿಸಿಕೊಳ್ಳುವವರು ಒಂದನ್ನು ತಿಳಿದಿರಬೇಕು. ‘ಫೋಟೊ’ ಎಂದು ಕಳಿಸಿದರೆ ವಾಟ್ಸ್ಆ್ಯಪ್ ಅದನ್ನು ಹಿಂಡಿ ಸಣ್ಣದು ಮಾಡುತ್ತದೆ, ತೆಗೆದ ದಿನಾಂಕವೂ ಅಳಿದುಹೋಗುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಮೂಲ ಚಿತ್ರ ಇದ್ದಂತೆಯೇ ಬರುತ್ತದೆ.

ಐಫೋನಿನ ರೀತಿ ಬೇರೆ. ಕೇಬಲ್ಲಿನಲ್ಲಿ ವಿಂಡೋಸಿಗೆ ಜೋಡಿಸಿದರೆ ಫೋನಿನ ಚಿತ್ರಗಳನ್ನು ಹೊರಗೆ ತೆಗೆದುಕೊಳ್ಳಬಹುದು, ಒಳಗೆ ಪೇಸ್ಟ್ ಮಾಡಲು ಅದು ಬಿಡುವುದಿಲ್ಲ. ವಿಂಡೋಸಿನಲ್ಲಿ ಆಪಲ್‌ನದೇ ತಂತ್ರಾಂಶದ ಮೂಲಕ, ಮ್ಯಾಕ್‌ನಲ್ಲಿ 2019ರ ನಂತರ ಫೈಂಡರ್ ಮೂಲಕ, ಒಂದು ಫೋಲ್ಡರನ್ನು ಗುರುತಿಸಿ ‘ಸಿಂಕ್’ ಮಾಡಬೇಕು. ಹೀಗೆ ಬಂದ ಚಿತ್ರಗಳನ್ನು ಫೋನಿನಲ್ಲಿ ಅಳಿಸಲಾಗುವುದಿಲ್ಲ. ಕಂಪ್ಯೂಟರಿನ ಫೋಲ್ಡರಿನಿಂದ ತೆಗೆದು ಮತ್ತೆ ಸಿಂಕ್ ಮಾಡಿದಾಗಷ್ಟೇ ಅವು ಹೋಗುತ್ತವೆ. ಮ್ಯಾಕ್ ಇರುವವರಿಗೆ ಏರ್‌ಡ್ರಾಪ್ ಇದಕ್ಕಿಂತ ಹಗುರ.

ಯಾವ ದಾರಿಯಾದರೂ ‘ಕಟ್’ ಬೇಡ, ‘ಕಾಪಿ’ಯೇ ಇರಲಿ. ಹಕ್ಕಿಗಳು ಗೂಡು ಕಟ್ಟುವ ಆ ತಿಂಗಳುಗಳಲ್ಲೇ ಮಲೆನಾಡಿನಲ್ಲಿ ಮರ ಬಿದ್ದು ಲೈನು ಹೋಗುವುದು, ಯುಪಿಎಸ್ ಇಲ್ಲದ ಕಂಪ್ಯೂಟರು ನಡುವೆಯೇ ಆರುವುದು. ಆ ಕ್ಷಣದಲ್ಲಿ ಸಾಗುತ್ತಿದ್ದ ಚಿತ್ರ ಅರ್ಧ ಮಾತ್ರ ತಲುಪಿರುತ್ತದೆ. ತೆರೆದರೆ ಮೇಲ್ಭಾಗ ಸರಿಯಿದ್ದು ಕೆಳಗೆಲ್ಲ ಬೂದುಬಣ್ಣ. ಕಾಪಿ ಮಾಡಿದ್ದರೆ ಮೂಲ ಕಂಪ್ಯೂಟರಿನಲ್ಲಿ ಭದ್ರವಾಗಿರುತ್ತದೆ, ಕರೆಂಟ್ ಬಂದ ಮೇಲೆ ಆ ಒಂದನ್ನು ಮತ್ತೆ ಕಳಿಸಿದರೆ ಸಾಕು. ಸಾಗಣೆ ಮುಗಿದ ಮೇಲೆ ಎರಡೂ ಕಡೆ ಫೋಟೊಗಳ ಸಂಖ್ಯೆ ಒಂದೇ ಇದೆಯೇ ನೋಡಿ, ಕೊನೆಯದಾಗಿ ಬಂದ ಎರಡು ಮೂರು ಚಿತ್ರಗಳನ್ನು ಫೋನಿನಲ್ಲಿ ಪೂರ್ತಿ ತೆರೆದು ಪರೀಕ್ಷಿಸಿ, ಆಮೇಲೆ ಕೇಬಲ್ ತೆಗೆಯಬೇಕು. ಕ್ಯಾಮೆರಾದ ಮೆಮೊರಿ ಕಾರ್ಡನ್ನು ಖಾಲಿ ಮಾಡುವುದು ಅದೇ ಮೂಲ ಚಿತ್ರಗಳು ಕಂಪ್ಯೂಟರಿನಲ್ಲೂ ಇನ್ನೊಂದು ಹಾರ್ಡ್‌ಡಿಸ್ಕಿನಲ್ಲೂ ಕೂತ ಮೇಲೆಯೇ. ಫೋನಿನಲ್ಲಿರುವ ಅಳತೆ ಇಳಿಸಿದ ಪ್ರತಿ ಆ ಲೆಕ್ಕಕ್ಕೆ ಸೇರುವುದಿಲ್ಲ.