ಗೂಡಿನಲ್ಲಿಟ್ಟ ಹಳೇ ಬಲ್ಬಿನ ವಯಸ್ಸು, ಬೆಲೆ

ಹಳೆಯ ವಿದ್ಯುತ್ ಬಲ್ಬಿನ ವಯಸ್ಸು ಗೊತ್ತಾಗುವುದು ಅದರೊಳಗಿನ ತಂತಿ, ನೆತ್ತಿಯ ಗಾಜು ಮತ್ತು ಬುಡದ ಲೋಹ ನೋಡಿ. ಮನೆಯವರು ಹೇಳುವ ಕಥೆ ಆಮೇಲೆ. ‘ಮುತ್ತಜ್ಜನ ಕಾಲದ್ದು’ ಎಂದು ಅರಳೆ ಸುತ್ತಿ ಗೋಡೆಯ ಗೂಡಿನಲ್ಲಿ ಜೋಪಾನ ಮಾಡಿದ ಬಲ್ಬು 1975ರದ್ದಾಗಿರಬಹುದು. ಟ್ರಂಕಿನಲ್ಲಿ ಸುತ್ತಿಗೆ, ಮೊಳೆಗಳ ನಡುವೆ ಉರುಳಾಡಿಕೊಂಡಿರುವುದು 1910ರದ್ದಾಗಿರಬಹುದು. ಉಚ್ಚಂಗಿದುರ್ಗ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯಲ್ಲಿ ಮೊದಲನೆಯದೇ ಹೆಚ್ಚು. ಅದಕ್ಕೆ ಕಾರಣ ಈ ಸೀಮೆಗೆ ಕರೆಂಟು ಬಂದ ಬಗೆ.

ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ ಬೇಗ ಬಂತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಾಗಿತ್ತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಉಚ್ಚಂಗಿದುರ್ಗದ ಸೀಮೆ ಆಗ ಸಂಸ್ಥಾನದ ಹೊರಗೆ, ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ತುಂಗಭದ್ರೆಯ ವಿದ್ಯುತ್ ಹರಿಯತೊಡಗಿದ್ದು ಆ ದಶಕದ ಕೊನೆಗೆ. ಅಲ್ಲಿಯವರೆಗೆ ಹಳ್ಳಿಯ ಮನೆಯಲ್ಲಿ ಬುಡ್ಡಿ ಮತ್ತು ಕಂದೀಲು, ಮದುವೆ ಬಯಲಾಟಗಳಿಗೆ ಗ್ಯಾಸ್‌ಲೈಟು. ಮುಂದೆ 1979–80ರಲ್ಲಿ ಬಂದ ಭಾಗ್ಯಜ್ಯೋತಿ ಯೋಜನೆ ಬಡವರ ಮನೆಗೆ ಒಂದೊಂದು ದೀಪ ಕೊಟ್ಟಿತು. ಎಷ್ಟೋ ಮನೆಗಳ ಮೊದಲ ಬಲ್ಬು ಅದೇ.

ಆದ್ದರಿಂದ ಈ ಭಾಗದ ಮನೆಯಲ್ಲಿ ನಿಜಕ್ಕೂ ಹಳೆಯ ಬಲ್ಬು ಸಿಕ್ಕರೆ ಅದು ಹೊರಗಿನಿಂದ ಬಂದದ್ದೆಂದು ತಿಳಿಯಬೇಕು. ಗಣಿ ಕೆಲಸಕ್ಕೆ ಹೋದವರು, ಮುಂಬಯಿಯ ಗಿರಣಿಯಲ್ಲಿ ದುಡಿದವರು, ರೈಲ್ವೆ ನೌಕರರು, ದಾವಣಗೆರೆ ಪೇಟೆಯಲ್ಲಿ ಅಂಗಡಿ ಇಟ್ಟವರು, ಇಂಥವರ ಸಾಮಾನಿನ ಜೊತೆ ಅದು ಬಂದಿರುತ್ತದೆ. ಮನೆಯಲ್ಲಿ ಅಂಥವರು ಇದ್ದರೇ ಎಂದು ಹಿರಿಯರನ್ನು ಕೇಳುವುದು ವ್ಯರ್ಥವಲ್ಲ. ಆದರೆ ಅದಕ್ಕೂ ಮೊದಲು ಬಲ್ಬನ್ನು ಬೆಳಕಿಗೆ ಹಿಡಿದು ನೋಡಬೇಕು.

ಒಳಗಿನ ತಂತಿ ದಪ್ಪ ಕಪ್ಪು ದಾರದಂತಿದ್ದು, ಹೇರ್‌ಪಿನ್ನಿನ ಹಾಗೆ ಬಾಗಿಯೋ ಒಂದೆರಡು ದೊಡ್ಡ ಸುತ್ತು ಹಾಕಿಯೋ ನಿಂತಿದ್ದರೆ ಅದು ಇಂಗಾಲದ ತಂತು. ಇಂಗ್ಲೆಂಡಿನಲ್ಲಿ ಜೋಸೆಫ್ ಸ್ವಾನ್, ಅಮೆರಿಕದಲ್ಲಿ 1879ರಲ್ಲಿ ಥಾಮಸ್ ಎಡಿಸನ್ ರೂಢಿಗೆ ತಂದ ಬಗೆ ಇದು. ಎಡಿಸನ್ ಮೊದಲು ಹತ್ತಿಯ ನೂಲನ್ನು ಸುಟ್ಟು ಇಂಗಾಲ ಮಾಡಿದ, ಆಮೇಲೆ ಬಿದಿರಿನ ಸಿಬಿರನ್ನು. ಇಂಗಾಲದ ಬಲ್ಬು ಕರೆಂಟು ತಿನ್ನುವುದು ಜಾಸ್ತಿ, ಕೊಡುವ ಬೆಳಕು ಕಡಿಮೆ. ಹಾಗಾಗಿ ಲೋಹದ ತಂತಿಯ ಹುಡುಕಾಟ ನಡೆಯಿತು. ಗ್ಯಾಸ್‌ಲೈಟಿನ ಮ್ಯಾಂಟಲ್ ಕಂಡುಹಿಡಿದ ಆಸ್ಟ್ರಿಯಾದ ಆವರ್ ಫಾನ್ ವೆಲ್ಸ್‌ಬಾಖ್ ಎಂಬವನೇ ಆಸ್ಮಿಯಂ ಲೋಹದ ತಂತಿಯ ಬಲ್ಬನ್ನೂ ಮಾಡಿದ. ಬಯಲಾಟದ ಬೆಳಕಿಗೂ ಬಲ್ಬಿನ ಬೆಳಕಿಗೂ ಹೀಗೊಂದು ನಂಟಿದೆ. ಜರ್ಮನಿಯ ಸೀಮೆನ್ಸ್ ಕಂಪನಿ ಟ್ಯಾಂಟಲಮ್ ತಂದಿತು. ಕೊನೆಗೆ ಗೆದ್ದದ್ದು ಟಂಗ್‌ಸ್ಟನ್. 1910ರ ಹೊತ್ತಿಗೆ ವಿಲಿಯಂ ಕೂಲಿಡ್ಜ್ ಅದನ್ನು ಸಣ್ಣ ಎಳೆಯಾಗಿ ಎಳೆಯುವ ವಿಧಾನ ಕಂಡುಕೊಂಡ.

ಕೂದಲೆಳೆಯಂಥ ಹೊಳೆಯುವ ತಂತಿ ನಡುವಿನ ಗಾಜಿನ ಕಡ್ಡಿಯ ಸುತ್ತ ಮೇಲೆ ಕೆಳಗೆ ಮೇಲೆ ಕೆಳಗೆ ಪಂಜರ ಕಟ್ಟಿದಂತೆ ಓಡಿದ್ದರೆ ಅದು ಲೋಹದ ತಂತಿಯ ಆರಂಭದ ಕಾಲದ್ದು. 1913ರಲ್ಲಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ತಂತಿಯನ್ನು ಬಿಗಿಯಾಗಿ ಸುರುಳಿ ಸುತ್ತಿ, ಗಾಜಿನೊಳಗೆ ಜಡ ಅನಿಲ ತುಂಬಿದರೆ ತಂತಿ ಬೇಗ ಸವೆಯುವುದಿಲ್ಲ ಎಂದು ತೋರಿಸಿದ. ಆ ಬಳಿಕ ತಂತಿ ಮೋಟಾಯಿತು, ಬಲ್ಬೂ ಚಿಕ್ಕದಾಯಿತು. ಸುರುಳಿಯನ್ನೇ ಮತ್ತೆ ಸುರುಳಿ ಸುತ್ತಿದ್ದು 1930ರ ದಶಕದಲ್ಲಿ. ಭೂತಗನ್ನಡಿ ಹಿಡಿದರೆ ಅದು ಕಾಣುತ್ತದೆ.

ಗಾಜಿನ ನೆತ್ತಿಯೂ ಮಾತಾಡುತ್ತದೆ. ಮೊದಲೆಲ್ಲ ಒಳಗಿನ ಗಾಳಿಯನ್ನು ನೆತ್ತಿಯ ಕೊಳವೆಯಿಂದ ಹೀರಿ, ಅಲ್ಲಿಯೇ ಕರಗಿಸಿ ಮುಚ್ಚುತ್ತಿದ್ದರು. ಬದನೆಕಾಯಿ ಮುಳ್ಳಿನಷ್ಟು ಚೂಪಾದ ಒಂದು ಗಾಜಿನ ಮೊನೆ ಅಲ್ಲಿ ಉಳಿಯುತ್ತಿತ್ತು. 1920ರ ದಶಕದಲ್ಲಿ ಈ ಕೆಲಸ ಬುಡದ ಒಳಗಿನಿಂದಲೇ ನಡೆಯತೊಡಗಿ ಮೊನೆ ಮಾಯವಾಯಿತು. ನೆತ್ತಿಯಲ್ಲಿ ಮೊನೆ, ಒಳಗೆ ಕಪ್ಪು ದಾರ, ಬುಡದಲ್ಲಿ ಹಿತ್ತಾಳೆ, ಈ ಮೂರೂ ಕೂಡಿ ಬಂದರೆ ಆ ಬಲ್ಬನ್ನು ಮಕ್ಕಳ ಕೈಗೆ ಕೊಡಬಾರದು.

ಬುಡ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಪಿನ್ನಿನದು, ಹೋಲ್ಡರಿಗೆ ಒತ್ತಿ ತಿರುಗಿಸುವಂಥದು. 22 ಮಿಲಿಮೀಟರ್ ಅಗಲದ ಈ ಮಾದರಿ ಬ್ರಿಟಿಷರಿಂದ ಬಂದದ್ದು. ಹಳೆಯವು ಹಿತ್ತಾಳೆ, ಇತ್ತೀಚಿನವು ಅಲ್ಯೂಮಿನಿಯಂ. ತಿರುಪಿನ ಬುಡ ಎಡಿಸನ್ನನ ವಂಶದ್ದು. ಹಳೇ ಮನೆಯಲ್ಲಿ ಅದು ಕಂಡರೆ ಯುರೋಪಿನ ಅಥವಾ ಅಮೆರಿಕದ ಮಾಲು ಇರಬಹುದು, ಇಲ್ಲವೇ ಯಾವುದೋ ಯಂತ್ರದ್ದು. ಈಗ ಹೋಟೆಲುಗಳಲ್ಲಿ ತೂಗುಹಾಕುವ ‘ಎಡಿಸನ್ ಬಲ್ಬು’ಗಳೂ ತಿರುಪಿನವೇ. ಅವುಗಳ ಒಳಗಿನ ಹಳದಿ ಕಡ್ಡಿಗಳು ಎಲ್‌ಇಡಿ. ವಯಸ್ಸು ನಾಲ್ಕಾರು ವರ್ಷ ಅಷ್ಟೇ.

ಮನೆಯಲ್ಲಿ ಸಿಕ್ಕ ಪ್ರತಿ ಗಾಜಿನ ಬುರುಡೆಯೂ ಮನೆದೀಪವಲ್ಲ. ಬುಡದಲ್ಲಿ ಏಳೆಂಟು ಕಡ್ಡಿಗಳಿದ್ದು ಗಾಜಿನೊಳಗೆ ಕನ್ನಡಿಯಂತೆ ಬೆಳ್ಳಿ ಬಣ್ಣ ಮೆತ್ತಿದ್ದರೆ ಅದು ರೇಡಿಯೊದ ವಾಲ್ವ್. 24 ವೋಲ್ಟ್ ಎಂದಿದ್ದರೆ ರೈಲು ಡಬ್ಬಿಯದೋ ಲಾರಿಯದೋ ಆಗಿರಬೇಕು. ಹಿಂದೆ ಮೀಟರ್‌ಗೇಜ್ ಆಗಿದ್ದ ಹೊಸಪೇಟೆ–ಕೊಟ್ಟೂರು ರೈಲುಹಾದಿಯ ಊರುಗಳಲ್ಲಿ ಅಂಥದು ಸಿಕ್ಕರೆ ಆಶ್ಚರ್ಯವಿಲ್ಲ. ಟೂರಿಂಗ್ ಟಾಕೀಸ್ ನಡೆಸಿದವರ ಮನೆಯಲ್ಲಿ ಪ್ರೊಜೆಕ್ಟರಿನ ಬಲ್ಬುಗಳಿರುತ್ತವೆ. ಸಿನಿಮಾ ಸಾಮಗ್ರಿ ಕೂಡಿಡುವವರು ಬೇರೆಯೇ ಇದ್ದಾರೆ. ಅವನ್ನು ತೋರಿಸಬೇಕಾದ್ದು ಅವರಿಗೆ.

ಗಾಜಿನ ಮೇಲಿನ ಮುದ್ರೆ ಓದುವಾಗ ಒಂದು ಎಚ್ಚರ ಬೇಕು. ಅದು ಎಷ್ಟೋ ಬಲ್ಬುಗಳಲ್ಲಿ ಬರೀ ಮಸಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಬಲ್ಬಿನ ಜಾತಕವೇ ಅಳಿಸಿಹೋಗುತ್ತದೆ. ಒಣ ಕುಂಚದಿಂದ ದೂಳು ಹಾರಿಸಿ, ಬೆಳಕನ್ನು ಓರೆಯಾಗಿ ಬಿಟ್ಟು ಓದಬೇಕು. ಹಳ್ಳಿಯಲ್ಲಿ ಈಗಲೂ ‘ಅರವತ್ತು ಕ್ಯಾಂಡಲ್ ಬಲ್ಬು’ ಎಂದರೆ ಅರವತ್ತು ವ್ಯಾಟಿನದು. ವ್ಯಾಟ್ ಬದಲು ಕ್ಯಾಂಡಲ್ ಲೆಕ್ಕವನ್ನೇ, ಉದಾಹರಣೆಗೆ 16 ಸಿ.ಪಿ. ಎಂದು, ಅಚ್ಚು ಹಾಕಿದ್ದರೆ ಅದು ಇಂಗಾಲದ ಕಾಲದ್ದು. ಆಸ್ರಾಮ್ 1906ರಲ್ಲಿ ನೋಂದಣಿಯಾದ ಹೆಸರು, ಮಜ್ದಾ 1909ರದು. ಫಿಲಿಪ್ಸ್ ಹಾಲೆಂಡಿನಲ್ಲಿ ಶುರುವಾದದ್ದು 1891ರಲ್ಲಿ, ಕಲ್ಕತ್ತೆಗೆ ಬಂದದ್ದು 1930ರಲ್ಲಿ. ಐಎಸ್‌ಐ ಗುರುತಿದ್ದರೆ ಸ್ವಾತಂತ್ರ್ಯಾನಂತರದ ಮಾಲು, ಅದರಲ್ಲಿ ಅನುಮಾನವಿಲ್ಲ.

ಬಲ್ಬಿನ ರಟ್ಟಿನ ಡಬ್ಬಿ ಉಳಿದಿದ್ದರೆ ಪತ್ತೆ ಇನ್ನೂ ಸುಲಭ. ಬೆಲೆ ಆಣೆಗಳಲ್ಲಿದ್ದರೆ 1957ಕ್ಕಿಂತ ಹಿಂದಿನದು. ನಯಾ ಪೈಸೆ ಎಂದಿದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. ಕರ್ನಾಟಕದ ಬದಲು ಮೈಸೂರು ರಾಜ್ಯ ಎಂದಿದ್ದರೆ 1973ರ ನವೆಂಬರಿಗೆ ಮುಂಚಿನದು. ಡಬ್ಬಿ ಬದಲಾಗಿರುವ ಸಾಧ್ಯತೆ ಇದ್ದೇ ಇದೆ, ಆದ್ದರಿಂದ ಬಲ್ಬಿನ ಮುದ್ರೆಯನ್ನೂ ಡಬ್ಬಿಯನ್ನೂ ತಾಳೆ ನೋಡಬೇಕು.

ಕನ್ನಡ ನಾಡಿನ ಮನೆಗಳಲ್ಲಿ ವಿಶೇಷವಾಗಿ ಹುಡುಕಬೇಕಾದ ಹೆಸರು ಮೈಸೂರ್ ಲ್ಯಾಂಪ್ಸ್. ಬೆಂಗಳೂರಿನ ಮಲ್ಲೇಶ್ವರದ ಬದಿಯಲ್ಲಿ, ಹಳೇ ತುಮಕೂರು ರಸ್ತೆಯಲ್ಲಿ ಈ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಯಿತು. ಮುಂದೆ ಸರ್ಕಾರದ ಉದ್ಯಮವಾಗಿ ಬಲ್ಬಿನ ಜೊತೆ ಟ್ಯೂಬ್‌ಲೈಟನ್ನೂ ತಯಾರಿಸಿ, 2003ರಲ್ಲಿ ಮುಚ್ಚಿತು. ಸರ್ಕಾರಿ ಕಚೇರಿ, ಶಾಲೆ, ಆಸ್ಪತ್ರೆಗಳಲ್ಲಿ ಉರಿದ ಈ ಬಲ್ಬುಗಳನ್ನು ಯಾರೂ ಕೂಡಿಡಲಿಲ್ಲ, ಸುಟ್ಟ ಕೂಡಲೇ ತಿಪ್ಪೆಗೆ ಎಸೆದರು. ಡಬ್ಬಿ ಸಮೇತ, ಉರಿಸದೇ ಉಳಿದ ಮೈಸೂರ್ ಲ್ಯಾಂಪ್ಸ್ ಬಲ್ಬು ಲಂಡನ್ನಿನ ಸಂಗ್ರಾಹಕನಿಗೆ ಬೇಡವಾಗಬಹುದು. ಕರ್ನಾಟಕದ ಕೈಗಾರಿಕೆಯ ಚರಿತ್ರೆ ಬರೆಯುವವರಿಗೆ ಮಾತ್ರ ಹೆಸರಿಲ್ಲದ ಹತ್ತು ವಿಲಾಯತಿ ಬಲ್ಬುಗಳಿಗಿಂತ ಅದೊಂದು ಮೇಲು.

ಕಣ್ಣಿಗೆ ತೀರ್ಮಾನವಾಗದಿದ್ದರೆ ಮಲ್ಟಿಮೀಟರ್ ಇದೆ. ಊರಿನ ಎಲೆಕ್ಟ್ರಿಷಿಯನ್ ಬಳಿ ಇರುವ ಸಾದಾ ಮೀಟರೇ ಸಾಕು. ಲೋಹ ಬಿಸಿಯಾದಂತೆ ಅದರ ರೋಧ ಏರುತ್ತದೆ, ಇಂಗಾಲದ್ದು ಇಳಿಯುತ್ತದೆ. 230 ವೋಲ್ಟಿನ 60 ವ್ಯಾಟ್ ಬಲ್ಬು ಉರಿಯುವಾಗ ಅದರ ರೋಧ ಸುಮಾರು 880 ಓಮ್. ತಣ್ಣಗಿರುವಾಗ ಅಳೆದರೆ ಟಂಗ್‌ಸ್ಟನ್ನಿನದು ನೂರು ಓಮಿಗಿಂತಲೂ ಕೆಳಗಿರುತ್ತದೆ. ಅಷ್ಟೇ ಶಕ್ತಿಯ ಇಂಗಾಲದ ಬಲ್ಬು ಸಾವಿರವನ್ನೂ ಮೀರಿ ತೋರಿಸುತ್ತದೆ. ತಂತಿ ತುಂಡಾಗಿದ್ದರೆ ಮೀಟರು ಸುಮ್ಮನಿರುತ್ತದೆ. ಈ ಪರೀಕ್ಷೆಯಲ್ಲಿ ಬಲ್ಬಿಗೆ ಯಾವ ಅಪಾಯವೂ ಇಲ್ಲ.

ಹೋಲ್ಡರಿಗೆ ಹಾಕಿ ಸ್ವಿಚ್ಚು ಒತ್ತುವುದು ಮಾತ್ರ ಕೂಡದು. ಬಲ್ಬು 110 ವೋಲ್ಟಿನದಾಗಿದ್ದರೆ ಮಿಂಚಿ ಸತ್ತೇಹೋಗುತ್ತದೆ. 230ರದಾಗಿದ್ದರೂ ಹಳೇ ತಂತಿ ಮೊದಲ ಹೊಡೆತ ತಾಳದೆ ಮುರಿಯಬಹುದು. ಉರಿಸಿ ನೋಡಲೇಬೇಕೆಂದಿದ್ದರೆ ಮೋಟಾರು ರಿಪೇರಿಯವರಲ್ಲಿರುವ ವೇರಿಯಾಕ್‌ನಿಂದ ವೋಲ್ಟೇಜನ್ನು ನಿಧಾನ ಏರಿಸಬೇಕು, ಇಲ್ಲವೇ 15 ವ್ಯಾಟಿನ ಸಾದಾ ಬಲ್ಬೊಂದನ್ನು ಸೀರೀಸಿನಲ್ಲಿ ಕೊಡಬೇಕು. ತಂತಿ ಕೆಂಪಗೆ ಮಿನುಗಿದರೆ ಸಾಕು, ಪೂರ್ತಿ ಬೆಳಗಿಸುವ ಆಸೆ ಬಿಡಬೇಕು. ಗಾಜಿನೊಳಗೆ ಬಿಳಿ ಪುಡಿ ಕೂತಿದ್ದರೆ ಗಾಳಿ ಹೊಕ್ಕಿದೆ ಎಂದರ್ಥ. ಅದನ್ನು ಪರೀಕ್ಷಿಸುವುದೇ ಬೇಡ. ಕಪ್ಪು ಮಸಿ ಕೂತಿದ್ದರೆ ಬಹಳ ಕಾಲ ಉರಿದ ಬಲ್ಬು. ಅಮೆರಿಕದ ಲಿವರ್‌ಮೋರ್ ಊರಿನ ಅಗ್ನಿಶಾಮಕ ಠಾಣೆಯಲ್ಲಿ 1901ರಿಂದ ಉರಿಯುತ್ತಿರುವ ಇಂಗಾಲದ ಬಲ್ಬೊಂದಿದೆ. ಅದೀಗ ಕೊಡುವುದು ಸುಮಾರು ನಾಲ್ಕು ವ್ಯಾಟಿನ ಮಂಕು ಬೆಳಕು, ಆರಿಸಿದ್ದು ತೀರಾ ಕಡಿಮೆ. ದೀರ್ಘಾಯುಸ್ಸಿನ ಗುಟ್ಟು ಅಷ್ಟೇ.

ಬೆಲೆಯ ವಿಷಯದಲ್ಲಿ ನಿರಾಸೆಗೆ ಸಿದ್ಧವಾಗಿರುವುದು ಒಳ್ಳೆಯದು. 1950ರ ಈಚಿನ ಸಾದಾ ಬಲ್ಬಿಗೆ ಗುಜರಿಯವನು ಕೊಡುವುದು ಬುಡದ ಲೋಹದ ತೂಕದ ಹಣ. ಸಂಗ್ರಾಹಕರು ಕೈ ಬಿಚ್ಚುವುದು 19ನೇ ಶತಮಾನದವಕ್ಕೆ, ಆಸ್ಮಿಯಂ, ಟ್ಯಾಂಟಲಮ್‌ನಂಥ ಅಲ್ಪಕಾಲ ಬಾಳಿದ ಬಗೆಗಳಿಗೆ, ಕಾಗದದ ಚೀಟಿ ಅಂಟಿಕೊಂಡೇ ಉಳಿದವಕ್ಕೆ. ಕಂಪನಿಯ ಗುರುತು ಸ್ಪಷ್ಟವಿರಬೇಕು, ತಂತಿ ಇಡಿಯಾಗಿರಬೇಕು, ಬುಡ ಅಲ್ಲಾಡಬಾರದು. ತಂತಿ ತುಂಡಾದ ಕೂಡಲೇ ಸಾಮಾನ್ಯ ಇಂಗಾಲದ ಬಲ್ಬಿನ ಬೆಲೆ ಕುಸಿಯುತ್ತದೆ. ತೀರಾ ಅಪರೂಪದ್ದಾದರೆ ಮಾತ್ರ ಸುಟ್ಟದ್ದನ್ನೂ ಕೊಳ್ಳುತ್ತಾರೆ. ದರ ತಿಳಿಯಬೇಕಾದರೆ ಮಾರುವವರು ಕೇಳುವ ಬೆಲೆ ನೋಡದೆ, ಹರಾಜಿನಲ್ಲಿ ನಿಜವಾಗಿ ಬಿಕರಿಯಾದ ಬೆಲೆ ನೋಡಬೇಕು. ಎರಡರ ನಡುವೆ ಅಜಗಜಾಂತರ.

ಹಳೇ ರೇಡಿಯೊ, ಬಲ್ಬುಗಳಲ್ಲಿ ‘ಕೆಂಪು ಪಾದರಸ’ವಿದೆ, ಕೋಟಿ ಬೆಲೆ ಬಾಳುತ್ತದೆ ಎಂದು ಬರುವವರ ಮಾತು ಶುದ್ಧ ಮೋಸ. ರೈಸ್ ಪುಲ್ಲಿಂಗ್ ಚೊಂಬಿನ ಹೆಸರಿನಲ್ಲಿ ಜನರನ್ನು ಮುಳುಗಿಸಿದ ದಂಧೆಯ ದಾಯಾದಿ ಇದು. ಪರೀಕ್ಷೆಯ ಖರ್ಚಿಗೆಂದು ಮುಂಗಡ ಕೇಳಿದರೆಂದರೆ ಉಳಿದದ್ದನ್ನು ಕೇಳಬೇಕಿಲ್ಲ.

ಇಟ್ಟುಕೊಳ್ಳುವವರು ಹಿತ್ತಾಳೆಯ ಬುಡವನ್ನು ಹುಣಸೆಹಣ್ಣು ಹಾಕಿ ಉಜ್ಜಬಾರದು. ಹುಳಿ ನೀರು ಬುಡವನ್ನು ಗಾಜಿಗೆ ಹಿಡಿದಿರುವ ಗಾರೆಗೆ ಇಳಿದು ಅದನ್ನು ಸಡಿಲಿಸುತ್ತದೆ. ಕಿಲುಬಿನ ಕಂದು ಬಣ್ಣ ಹೋದರೆ ಕೊಳ್ಳುವವನಿಗೂ ಅನುಮಾನ ಹುಟ್ಟುತ್ತದೆ. ಅರಳೆಯಲ್ಲಿ ಸುತ್ತಿ, ಅಲುಗಾಡದಂತೆ ಡಬ್ಬಿಯಲ್ಲಿಟ್ಟು, ಎಲ್ಲಿ ಸಿಕ್ಕಿತು, ಯಾರದಾಗಿತ್ತು ಎಂದು ಚೀಟಿ ಬರೆದಿಟ್ಟರೆ ಸಾಕು.

ಮಾರುವವರು ಕಾನೂನಿನ ಒಂದು ಅಂಶ ತಿಳಿದಿರಬೇಕು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ, ನೂರು ವರ್ಷ ತುಂಬಿದ, ಹಿಂದಿನ ಕಾಲದ ವಿಜ್ಞಾನ ಅಥವಾ ಕುಶಲಕಲೆಯನ್ನು ತೋರಿಸುವ ವಸ್ತು ಪುರಾತನ ವಸ್ತುವೆನಿಸಿಕೊಳ್ಳುತ್ತದೆ. ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಆದ್ದರಿಂದ 1910ರ ಇಂಗಾಲದ ಬಲ್ಬಿಗೆ ವಿದೇಶಿ ಸಂಗ್ರಾಹಕನೊಬ್ಬ ಒಳ್ಳೇ ಬೆಲೆ ಹೇಳಿದರೂ ಕೊರಿಯರ್ ಅಂಗಡಿಗೆ ಹೋಗುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳಬೇಕು. ನೂರು ತುಂಬದ ಬಲ್ಬಿಗೆ ಈ ಕಾಯ್ದೆಯ ತೊಡಕಿಲ್ಲ.