ಕಂಟ್ರೋಲರ್ ಸಿಕ್ಕಿಸಿದರೆ ಎಲ್ಲ ಗೇಮೂ ಓಡುತ್ತಾ? ಜೊತೆಗೆ ಬರುವ ಆ್ಯಪ್ ಏನು ಕೇಳುತ್ತದೆ ನೋಡಿ

"ಯಾವ ಫೋನ್‌ಗಾದರೂ ಆಗುತ್ತೆ, ಯಾವ ಗೇಮ್‌ಗಾದರೂ ಆಗುತ್ತೆ. ಗೇಮ್‌ನಲ್ಲಿ ಆಪ್ಷನ್ ಇಲ್ಲ ಅಂದ್ರೆ ಈ ಲಿಂಕ್‌ನಿಂದ ಆ್ಯಪ್ ಹಾಕ್ಕೊಳ್ಳಿ, ಕೇಳಿದ ಪರ್ಮಿಷನ್ ಎಲ್ಲ ಆನ್ ಮಾಡಿ." ಮೊಬೈಲ್‌ಗೆ ಸಿಕ್ಕಿಸುವ ಗೇಮ್ ಕಂಟ್ರೋಲರ್‌ಗಳ ಬಗ್ಗೆ ಹುಡುಗರ ಗುಂಪುಗಳಲ್ಲಿ ಓಡಾಡುವ ಸಲಹೆಗಳ ಸಾರ ಹೆಚ್ಚುಕಡಿಮೆ ಇಷ್ಟೇ. ಅಪ್ಪ ಅಮ್ಮಂದಿರ ಗುಂಪುಗಳಲ್ಲಿ ಓಡಾಡುವ ಮಾತು ಬೇರೆ: ಬ್ಲೂಟೂತ್ ಕಂಟ್ರೋಲರ್ ಹಿಡಿದುಕೊಂಡರೆ ರೇಡಿಯೇಶನ್, ಕೈ ನರ ಹೋಗುತ್ತದೆ, ಫೋನ್ ಸುಟ್ಟುಹೋಗುತ್ತದೆ.

ಎರಡನೆಯದರಲ್ಲಿ ಭಯ ಹೆಚ್ಚು, ಹುರುಳು ಕಡಿಮೆ. ಮೊದಲನೆಯದರಲ್ಲಿ ಭಯವೇ ಇಲ್ಲ, ಆದರೆ ನಿಜವಾದ ಅಪಾಯ ಇರುವುದು ಅಲ್ಲೇ. ಯಾಕೆ ಎನ್ನುವುದು ತಿಳಿಯಬೇಕಾದರೆ ಈ ಸಾಧನ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನೋಡಬೇಕು.

ಗಾಜಿನ ಮೇಲೆ ಬಟನ್ ಇಲ್ಲ

ಫೋನಿನ ತೆರೆಯ ಕೆಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ, ವಿದ್ಯುತ್ ಹರಿಯುವ ಗೆರೆಗಳ ಜಾಲವಿರುತ್ತದೆ. ನಮ್ಮ ಬೆರಳೂ ವಿದ್ಯುತ್ ಹರಿಯಬಲ್ಲ ವಸ್ತುವೇ ಆದ್ದರಿಂದ, ಅದು ಗಾಜಿಗೆ ತಾಗಿದ ಕಡೆ ಜಾಲದ ವಿದ್ಯುದಂಶದಲ್ಲಿ ಅತಿ ಸಣ್ಣ ಬದಲಾವಣೆ ಆಗುತ್ತದೆ. ಯಾವ ಗೆರೆಗಳು ಕೂಡುವ ಜಾಗದಲ್ಲಿ ಬದಲಾವಣೆ ಆಯಿತು ಎಂದು ಫೋನ್ ಲೆಕ್ಕ ಹಾಕುತ್ತದೆ. ಒಣಗಿದ ಬಟ್ಟೆಯ ಕೈಗವಸು ಹಾಕಿ ಮುಟ್ಟಿದರೆ ತೆರೆ ಸುಮ್ಮನಿರುವುದು ಇದಕ್ಕೇ.

ಫೋನ್‌ಗೆ ನಿಮ್ಮ ಬೆರಳು ಎಲ್ಲಿದೆ ಅಂತ ಗೊತ್ತಾಗುತ್ತದೆ. ಬೆರಳಿಗೆ ತಾನೆಲ್ಲಿದ್ದೇನೆ ಅಂತ ಗೊತ್ತಾಗುವುದಿಲ್ಲ! ಹಳೆಯ ಕೀಪ್ಯಾಡ್ ಫೋನಿನಲ್ಲಿ ನೋಡದೆಯೇ ಮೆಸೇಜ್ ಟೈಪ್ ಮಾಡುತ್ತಿದ್ದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಗೇಮ್ ಆಡುವಾಗ ಕಣ್ಣು ಶತ್ರುವಿನ ಮೇಲೋ ರಸ್ತೆಯ ಮೇಲೋ ಇರುತ್ತದೆ. ಹೆಬ್ಬೆರಳು ಮೆಲ್ಲಗೆ ಜಾರಿ ಬಟನ್ ಚಿತ್ರದಿಂದ ಆಚೆ ಹೋಗಿರುತ್ತದೆ. ಸಾಲದ್ದಕ್ಕೆ ಎರಡು ಹೆಬ್ಬೆರಳು ಸೇರಿ ತೆರೆಯ ಒಂದಿಷ್ಟು ಭಾಗವನ್ನು ಮುಚ್ಚಿಬಿಡುತ್ತವೆ.

ಇದಕ್ಕೆ ಅಗ್ಗದ ಪರಿಹಾರವಾಗಿ ಬಂದವು ತೆರೆಯ ಅಂಚಿಗೆ ಕಚ್ಚಿಸುವ 'ಟ್ರಿಗರ್'ಗಳು ಮತ್ತು ಬೆರಳಿಗೆ ಹಾಕುವ 'ಸ್ಲೀವ್'ಗಳು. ಸಾದಾ ಟ್ರಿಗರ್ ಒಳಗೆ ಎಲೆಕ್ಟ್ರಾನಿಕ್ಸ್ ಏನೂ ಇರುವುದಿಲ್ಲ. ನೀವು ಲೋಹದ ಗುಂಡಿ ಒತ್ತಿದಾಗ ಅದರ ಇನ್ನೊಂದು ತುದಿ ಗಾಜಿಗೆ ತಾಗುತ್ತದೆ, ನಿಮ್ಮ ಬೆರಳೇ ಉದ್ದವಾಗಿ ತೆರೆಯನ್ನು ಮುಟ್ಟಿದ ಹಾಗೆ. ಸ್ಲೀವ್‌ನ ಬಟ್ಟೆಯಲ್ಲಿ ವಿದ್ಯುತ್ ಹರಿಯುವ ಎಳೆಗಳನ್ನು ಸೇರಿಸಿ ನೇಯ್ದಿರುತ್ತಾರೆ. ಬೆವರಿದ ಬೆರಳು ಅಂಟದೆ ಜಾರುತ್ತದೆ, ಅಷ್ಟೇ. ಇವು ಎಲ್ಲ ಗೇಮ್‌ಗೂ ಆಗುತ್ತವೆ ಎನ್ನುವುದು ನಿಜ. ಫೋನ್‌ಗೆ ಕಾಣುವುದು ಬೆರಳ ಸ್ಪರ್ಶ ಮಾತ್ರ ಆದ್ದರಿಂದ ಗೇಮ್‌ನ ಅನುಮತಿ ಬೇಕಿಲ್ಲ, ಆ್ಯಪ್ ಬೇಕಿಲ್ಲ, ಪರ್ಮಿಷನ್ ಬೇಕಿಲ್ಲ. ಬ್ಯಾಟರಿ ಇರುವ, ಒಂದು ಸಲ ಒತ್ತಿದರೆ ತಾನಾಗಿಯೇ ಪಟಪಟನೆ ಹತ್ತಾರು ಸಲ ಬಡಿಯುವ ಟ್ರಿಗರ್‌ಗಳ ಮಾತು ಬೇರೆ. ಅದನ್ನು ಮೋಸದಾಟ ಎಂದು ಪರಿಗಣಿಸುವ ಹಕ್ಕು ಗೇಮ್ ಕಂಪನಿಗಿದೆ.

ಕಂಟ್ರೋಲರ್ ಫೋನ್‌ಗೆ ಹೇಳುವುದೇನು?

ಎರಡು ಕಡ್ಡಿ, ನಾಲ್ಕಾರು ಗುಂಡಿ ಇರುವ ನಿಜವಾದ ಕಂಟ್ರೋಲರ್ ತೆರೆಯನ್ನು ಮುಟ್ಟುವುದೇ ಇಲ್ಲ. ಫೋನಿನ ಎರಡೂ ಬದಿಗೆ ಹಿಗ್ಗಿ ಕೂರುವ, ಯುಎಸ್‌ಬಿ-ಸಿ ಪಿನ್‌ಗೆ ಸಿಗುವ ಮಾದರಿಯಾಗಲಿ, ದೂರದಿಂದ ಬ್ಲೂಟೂತ್‌ನಲ್ಲಿ ಸೇರುವ ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್ ಮಾದರಿಯಾಗಲಿ, ಕೆಲಸ ಒಂದೇ: "ಎ ಗುಂಡಿ ಒತ್ತಿದರು", "ಎಡಗಡ್ಡಿ ಅರ್ಧದಷ್ಟು ಬಲಕ್ಕೆ ವಾಲಿದೆ" ಎಂದು ಫೋನ್‌ಗೆ ವರದಿ ಒಪ್ಪಿಸುತ್ತಾ ಇರುವುದು. ಕೀಬೋರ್ಡು, ಮೌಸು ಕೂಡ ಹೀಗೆಯೇ ಮಾತಾಡುತ್ತವೆ. ಸುಮಾರಾಗಿ ಎಲ್ಲ ಕಂಪನಿಗಳೂ ಒಪ್ಪಿಕೊಂಡ ಭಾಷೆಯೊಂದು ಇದಕ್ಕಿದೆ.

ಇದರ ಹಿಂದೆ ಒಂದು ತಮಾಷೆಯ ಕಥೆಯೂ ಇದೆ. 2010ರ ಏಪ್ರಿಲ್ ಒಂದರಂದು ಥಿಂಕ್‌ಗೀಕ್ ಎಂಬ ಅಮೆರಿಕದ ಆನ್‌ಲೈನ್ ಅಂಗಡಿ, ಐಪ್ಯಾಡನ್ನು ಒಳಗಿಟ್ಟು ಆಡುವ ಪುಟ್ಟ ಆರ್ಕೇಡ್ ಪೆಟ್ಟಿಗೆಯ ಜಾಹೀರಾತು ಹಾಕಿತು. ಅದು ಏಪ್ರಿಲ್ ಫೂಲ್. ಜನ ನಿಜಕ್ಕೂ ಬೇಕು ಅಂದರು. ಮರುವರ್ಷ ಅಯಾನ್ ಎಂಬ ಕಂಪನಿಯೊಂದಿಗೆ ಸೇರಿ 'ಐಕೇಡ್' ಹೆಸರಲ್ಲಿ ಅದನ್ನು ಮಾಡಿಯೇ ಮಾರಿದರು. ಆಗ ಐಪ್ಯಾಡ್‌ಗೆ ಗೇಮ್ ಕಂಟ್ರೋಲರ್ ಅಂದರೆ ಏನೆಂದೇ ಗೊತ್ತಿರಲಿಲ್ಲ. ಹಾಗಾಗಿ ಐಕೇಡ್ ತನ್ನನ್ನು ಬ್ಲೂಟೂತ್ ಕೀಬೋರ್ಡ್ ಎಂದು ಪರಿಚಯಿಸಿಕೊಂಡಿತು. ಗುಂಡಿ ಒತ್ತಿದರೆ ಒಂದು ಅಕ್ಷರ, ಬಿಟ್ಟರೆ ಇನ್ನೊಂದು ಅಕ್ಷರ ಟೈಪ್ ಆಗುತ್ತಿತ್ತು. ಆ ಅಕ್ಷರಗಳ ಅರ್ಥ ಗೊತ್ತಿದ್ದ ಗೇಮ್‌ಗಳು ಮಾತ್ರ ಆಡಲು ಬರುತ್ತಿದ್ದವು. ಗೊತ್ತಿಲ್ಲದ ಗೇಮ್‌ಗೆ ಅದು ಯಾರೋ ಅಡ್ಡಾದಿಡ್ಡಿ ಟೈಪ್ ಮಾಡಿದ ಹಾಗೆ.

ಈಗ ಆ ಸರ್ಕಸ್ ಬೇಕಿಲ್ಲ. ಆಂಡ್ರಾಯ್ಡ್ 2011ರಲ್ಲಿ ಬಂದ 3.1ನೇ ಆವೃತ್ತಿಯಿಂದ ಗೇಮ್‌ಪ್ಯಾಡ್‌ಗಳನ್ನು ಗುರುತಿಸುತ್ತದೆ. ಐಫೋನ್‌ಗೆ 2013ರ ಐಒಎಸ್ 7ರಲ್ಲಿ ಆಪಲ್ ಒಪ್ಪಿಗೆ ಪಡೆದ ಕಂಟ್ರೋಲರ್‌ಗಳು ಬಂದವು. 2019ರ ಐಒಎಸ್ 13ರಿಂದ ಎಕ್ಸ್‌ಬಾಕ್ಸ್ ಮತ್ತು ಪ್ಲೇಸ್ಟೇಷನ್ 4ರ ಬ್ಲೂಟೂತ್ ಕಂಟ್ರೋಲರ್‌ಗಳೂ ನೇರವಾಗಿ ಸೇರುತ್ತವೆ. (ಹಳೆಯದು ಕೊಳ್ಳುವವರು ನೋಡಿಕೊಳ್ಳಿ: 2013ರ ಮೊದಲ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್‌ನಲ್ಲಿ ಬ್ಲೂಟೂತ್ ಇಲ್ಲ. 2016ರಲ್ಲಿ ಒನ್ ಎಸ್ ಜೊತೆ ಬಂದದ್ದರಲ್ಲಿ ಇದೆ. ನೋಡಲು ಎರಡೂ ಒಂದೇ ಥರ.)

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕು

ಫೋನ್ ಕಂಟ್ರೋಲರನ್ನು ಗುರುತಿಸಿತು ಎಂದ ಮಾತ್ರಕ್ಕೆ ಗೇಮ್ ನಡೆಯುತ್ತದೆ ಎಂದಲ್ಲ. "ಎ ಗುಂಡಿ ಒತ್ತಿದರು" ಎಂಬ ವರದಿ ಬಂದಾಗ ಏನು ಮಾಡಬೇಕು ಎಂದು ಗೇಮ್ ಬರೆದವರು ಮೊದಲೇ ಬರೆದಿಟ್ಟಿರಬೇಕು. ಬರೆದಿಲ್ಲವಾದರೆ ವರದಿ ಬರುತ್ತದೆ, ಕೇಳುವವರಿಲ್ಲ. 'ಎಲ್ಲ ಗೇಮ್‌ಗೂ ಆಗುತ್ತದೆ' ಎಂಬ ಮಾತು ಮುರಿದುಬೀಳುವುದು ಇಲ್ಲಿ.

ಮೈನ್‌ಕ್ರಾಫ್ಟ್‌ನಲ್ಲಿ ಕಂಟ್ರೋಲರ್ ನಡೆಯುತ್ತದೆ. ಕಾಲ್ ಆಫ್ ಡ್ಯೂಟಿ ಮೊಬೈಲ್‌ನಲ್ಲೂ ನಡೆಯುತ್ತದೆ, ಆದರೆ ಅಲ್ಲಿ ಕಂಟ್ರೋಲರ್ ಹಿಡಿದವರನ್ನು ಕಂಟ್ರೋಲರ್ ಹಿಡಿದವರ ಜೊತೆಗೇ ಆಡಲು ಬಿಡುವ ವ್ಯವಸ್ಥೆ ಮಾಡಿದರು. ಗಾಜಿನ ಮೇಲೆ ಆಡುವವರಿಗೆ ಅನ್ಯಾಯ ಆಗಬಾರದು ಎಂಬುದು ಕಾರಣ. ನಮ್ಮಲ್ಲಿ ಬಿಜಿಎಂಐ ರೂಪದಲ್ಲಿ ಮನೆಮಾತಾದ ಪಬ್‌ಜಿ ಮೊಬೈಲ್, 2018ರಲ್ಲಿ ಬಂದ ಮೇಲೆ ವರ್ಷಗಟ್ಟಲೆ ಕಂಟ್ರೋಲರ್‌ಗೆ ಅವಕಾಶವನ್ನೇ ಕೊಡಲಿಲ್ಲ. ಕಂಪ್ಯೂಟರ್‌ನಲ್ಲಿ ಎಮ್ಯುಲೇಟರ್ ಹಾಕಿ ಆಡುವವರನ್ನೂ ಬೇರೆ ಗುಂಪಿಗೆ ತಳ್ಳಿತು. ಇದು ತಾಂತ್ರಿಕ ಅಸಹಾಯಕತೆಯಲ್ಲ, ಬೇಕೆಂದೇ ಮಾಡಿದ ನಿಯಮ. ನನ್ನನ್ನು ಕೇಳಿದರೆ ನ್ಯಾಯವಾದ ನಿಯಮವೇ.

ಆದರೆ ಸಾವಿರಾರು ರೂಪಾಯಿ ಕೊಟ್ಟು ಕಂಟ್ರೋಲರ್ ತಂದ ಹುಡುಗ ತನ್ನ ಇಷ್ಟದ ಗೇಮ್ ಅದನ್ನು ಒಪ್ಪುವುದಿಲ್ಲ ಎಂದು ಗೊತ್ತಾದಾಗ ಸುಮ್ಮನೆ ಕೂರುತ್ತಾನೆಯೇ? ಹುಡುಕುತ್ತಾನೆ. ಆಗ ಸಿಗುವುದೇ ಆ ಲಿಂಕ್.

ಆ ಆ್ಯಪ್ ಕೇಳುವುದು ಯಾವ ಬೀಗದ ಕೈ?

ಇಂಥ ಆ್ಯಪ್‌ಗಳನ್ನು 'ಕೀ ಮ್ಯಾಪರ್' ಎನ್ನುತ್ತಾರೆ. ಕಂಟ್ರೋಲರ್‌ನ ವರದಿಯನ್ನು ಇದು ಕೇಳಿಸಿಕೊಂಡು, ಗೇಮ್‌ನ ತೆರೆಯ ಮೇಲೆ ಆ ಜಾಗದಲ್ಲಿ ಬೆರಳು ಮುಟ್ಟಿದಂತೆ ನಟಿಸುತ್ತದೆ. ಎ ಗುಂಡಿ ಒತ್ತಿದರೆ ತೆರೆಯ ಮೇಲಿನ ಫೈರ್ ಬಟನ್ ಮೇಲೆ ಸುಳ್ಳು ಬೆರಳು ಬೀಳುತ್ತದೆ.

ಆಂಡ್ರಾಯ್ಡ್‌ನಲ್ಲಿ ಒಂದು ಆ್ಯಪ್ ಇನ್ನೊಂದು ಆ್ಯಪ್‌ನ ಮೇಲೆ ಸುಳ್ಳು ಬೆರಳು ಆಡಿಸುವಂತಿಲ್ಲ. ಆಡಿಸುವಂತಿದ್ದರೆ ಟಾರ್ಚ್ ಆ್ಯಪೊಂದು ನಿಮ್ಮ ಫೋನ್‌ಪೇ ತೆರೆದು ಹಣ ಕಳಿಸಬಹುದಿತ್ತು. ಈ ಗೋಡೆ ದಾಟಲು ಮ್ಯಾಪರ್‌ಗಳಿಗೆ ಕೆಲವೇ ದಾರಿಗಳಿವೆ. ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿಸಿ ಕಂಪ್ಯೂಟರ್ ಮೂಲಕ ವಿಶೇಷ ಅಧಿಕಾರ ಪಡೆಯುವುದು ಒಂದು. ಗೇಮನ್ನು ತನ್ನದೇ ಹೊಟ್ಟೆಯೊಳಗೆ ಹಾಕಿಕೊಂಡು ಓಡಿಸುವುದು ಇನ್ನೊಂದು. ಆಗ ನಿಮ್ಮ ಲಾಗಿನ್ ನಡೆಯುವುದೂ ಅದರ ಹೊಟ್ಟೆಯೊಳಗೇ. ಮೂರನೆಯದು, ಸೆಟ್ಟಿಂಗ್‌ಗಳಲ್ಲಿ 'ಆಕ್ಸೆಸಿಬಿಲಿಟಿ' ಅನುಮತಿ ಕೇಳುವುದು. ಫೋನ್ ಕನ್ನಡದಲ್ಲಿದ್ದರೆ ಅದು 'ಪ್ರವೇಶಿಸುವಿಕೆ' ಎಂದು ಕಾಣಬಹುದು.

ಈ ಅನುಮತಿ ಇರುವುದು ಕಣ್ಣು ಕಾಣದವರಿಗೆ ತೆರೆ ಓದಿಹೇಳುವ, ಕೈಯಾಡಿಸಲು ಆಗದವರ ಪರವಾಗಿ ಬಟನ್ ಒತ್ತುವ ಆ್ಯಪ್‌ಗಳಿಗಾಗಿ. ಅದಕ್ಕೆ ತೆರೆಯ ಮೇಲಿರುವುದನ್ನು ಓದುವ ಮತ್ತು ನಿಮ್ಮ ಪರವಾಗಿ ಬೇರೆ ಆ್ಯಪ್‌ಗಳಲ್ಲಿ ಕೆಲಸ ಮಾಡುವ ಶಕ್ತಿ ಇರಲೇಬೇಕು. ಆನ್ ಮಾಡುವಾಗ ಆಂಡ್ರಾಯ್ಡ್ ತಾನೇ ಎಚ್ಚರಿಸುತ್ತದೆ: ಪೂರ್ತಿ ನಿಯಂತ್ರಣ ಕೊಡುವುದು ಇಂಥ ನೆರವಿನ ಆ್ಯಪ್‌ಗಳಿಗೆ ಸರಿ, ಹೆಚ್ಚಿನ ಆ್ಯಪ್‌ಗಳಿಗೆ ಅಲ್ಲ ಎನ್ನುತ್ತದೆ. ಗಡಿಬಿಡಿಯಲ್ಲಿ ನಾವು 'ಅನುಮತಿಸಿ' ಒತ್ತಿ ಮುಂದೆ ಹೋಗುತ್ತೇವೆ.

ಎಲ್ಲ ಮ್ಯಾಪರ್‌ಗಳೂ ಕಳ್ಳರು ಎಂದು ನಾನು ಹೇಳುತ್ತಿಲ್ಲ. ಆದರೆ ಬ್ಯಾಂಕ್ ಹಣ ಕದಿಯುವ 'ಅನಾತ್ಸಾ'ದಂಥ ಆಂಡ್ರಾಯ್ಡ್ ಕುತಂತ್ರಾಂಶಗಳು ಬಳಸಿದ್ದು ಇದೇ ಬಾಗಿಲನ್ನು. ಒಟಿಪಿ ಬಂದ ಮೆಸೇಜನ್ನು ತೆರೆಯ ಮೇಲಿಂದ ಓದಬಹುದು, ಬ್ಯಾಂಕ್ ಆ್ಯಪ್‌ನಲ್ಲಿ ನಿಮ್ಮ ಬದಲು ಬಟನ್ ಒತ್ತಬಹುದು. ಗೇಮ್ ಆಡಲು ಮಗನಿಗೆ ಕೊಟ್ಟ ಫೋನೇ ಅಮ್ಮನ ಗೂಗಲ್ ಪೇ ಇರುವ ಫೋನ್ ಆಗಿರುವ ಮನೆಗಳು ನಮ್ಮಲ್ಲಿ ಎಷ್ಟು! ನನ್ನ ಚಿಕ್ಕಮ್ಮನ ಮನೆಯಲ್ಲಿ ಒಮ್ಮೆ ಫೋನ್ ನೋಡಿದಾಗ ಮೂರು ಆ್ಯಪ್‌ಗಳಿಗೆ ಈ ಅನುಮತಿ ಇತ್ತು. ಯಾವುದು, ಯಾವಾಗ, ಯಾರು ಕೊಟ್ಟದ್ದು ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪ್ಲೇ ಸ್ಟೋರ್‌ನ ಹೊರಗಿನ ಲಿಂಕ್‌ನಿಂದ ಹಾಕಿದ ಎಪಿಕೆ ಫೈಲ್ ಆದರಂತೂ ಎರಡು ಪಟ್ಟು ಎಚ್ಚರ ಬೇಕು. ಆಂಡ್ರಾಯ್ಡ್ 13ರಿಂದ ಇಂಥ ಆ್ಯಪ್‌ಗೆ ಈ ಅನುಮತಿ ಕೊಡಲು ಹೋದರೆ 'ನಿರ್ಬಂಧಿತ ಸೆಟ್ಟಿಂಗ್' ಎಂದು ಫೋನ್ ತಡೆಯುತ್ತದೆ. ಆ ತಡೆ ತೆಗೆಯುವುದು ಹೇಗೆಂದು ಹೇಳಿಕೊಡುವ ವಿಡಿಯೊ ನಿಮಗೆ ಬಂದರೆ, ಬೇರೆಯವರಿಗೆ ಕಳಿಸಬೇಡಿ. ಹಣದ ಮಾತು ಹಾಗಿರಲಿ, ಮ್ಯಾಪರ್ ಬಳಕೆಯನ್ನು ಗೇಮ್ ಪತ್ತೆಹಚ್ಚಿದರೆ ವರ್ಷಗಟ್ಟಲೆ ಆಡಿ ಕಟ್ಟಿದ ಅಕೌಂಟ್ ಕೂಡ ಬ್ಯಾನ್ ಆಗಬಹುದು.

ಇಲ್ಲೊಂದು ವಿಪರ್ಯಾಸ. ಆಕ್ಸೆಸಿಬಿಲಿಟಿ ಎಂಬ ಬಾಗಿಲು ಯಾರಿಗಾಗಿ ಇದೆಯೋ, ಕಂಟ್ರೋಲರ್ ಕೂಡ ಅವರ ಪಾಲಿಗೆ ಬರೀ ಶೋಕಿಯಲ್ಲ. ಮೈಕ್ರೋಸಾಫ್ಟ್ 2018ರಲ್ಲಿ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್‌ನಲ್ಲಿ ಅಂಗೈಯಗಲದ ಎರಡು ದೊಡ್ಡ ಗುಂಡಿಗಳಿವೆ. ಹಿಂಬದಿಯ ಜಾಕ್‌ಗಳಿಗೆ ಕಾಲಲ್ಲಿ ಒತ್ತುವ ಪೆಡಲ್, ಮೊಣಕೈಯಲ್ಲಿ ಒತ್ತುವ ಸ್ವಿಚ್, ಹೀಗೆ ಅವರವರ ದೇಹಕ್ಕೆ ಒಗ್ಗುವುದನ್ನು ಸಿಕ್ಕಿಸಿಕೊಳ್ಳಬಹುದು. ಬೆರಳು ಮಡಚಲು ಆಗದವರಿಗೆ ನುಣುಪಾದ ಗಾಜು ಏನೂ ಕೊಡುವುದಿಲ್ಲ.

ರೇಡಿಯೇಶನ್, ಬಿಸಿ, ಹೆಬ್ಬೆರಳು

ಬ್ಲೂಟೂತ್ ಕಂಟ್ರೋಲರ್ ಹೊರಸೂಸುವುದು 2.4 ಗಿಗಾಹರ್ಟ್ಸ್‌ನ ರೇಡಿಯೊ ಅಲೆ. ಸಣ್ಣ ಬ್ಲೂಟೂತ್ ಸಾಧನಗಳಲ್ಲಿ ಸಾಮಾನ್ಯವಾದ 'ಕ್ಲಾಸ್ 2'ರ ಮಿತಿ 2.5 ಮಿಲಿವ್ಯಾಟ್. 4ಜಿ ಫೋನ್ ಸಿಗ್ನಲ್ ದುರ್ಬಲ ಇದ್ದಾಗ ಸುಮಾರು 200 ಮಿಲಿವ್ಯಾಟ್‌ವರೆಗೆ ಕಳಿಸುತ್ತದೆ. ಎಂದರೆ ಭಯಪಡುವವರು ಪಕ್ಕದಲ್ಲಿರುವ ಫೋನನ್ನು ಬಿಟ್ಟು ಕಂಟ್ರೋಲರನ್ನು ಬೈಯುತ್ತಿದ್ದಾರೆ. ಈ ಅಲೆಗಳಿಗೆ ಎಕ್ಸ್-ರೇಯಂತೆ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಹಾಕುವ ಶಕ್ತಿಯೂ ಇಲ್ಲ. ಇನ್ನು ಫೋನ್ ಬಿಸಿಯಾಗುವುದು ಗೇಮ್‌ನ ಚಿತ್ರ ಬಿಡಿಸುವ ಪ್ರೊಸೆಸರ್‌ನಿಂದ, ಜೋರಾಗಿ ಬೆಳಗುವ ತೆರೆಯಿಂದ, ಚಾರ್ಜ್‌ಗೆ ಹಾಕಿಕೊಂಡೇ ಆಡುವುದರಿಂದ.

ಕೈನೋವು ಮಾತ್ರ ಸುಳ್ಳಲ್ಲ. ಆದರೆ ಅದಕ್ಕೆ ಕಾರಣ ರೇಡಿಯೇಶನ್ ಅಲ್ಲ, ಒಂದೇ ಚಲನೆಯನ್ನು ಗಂಟೆಗಟ್ಟಲೆ ಮಾಡುವುದು. 1990ರಲ್ಲೇ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ 'ನಿಂಟೆಂಡಿನೈಟಿಸ್' ಎಂಬ ಹೆಸರಿನಡಿ ವೈದ್ಯರೊಬ್ಬರ ಪತ್ರ ಪ್ರಕಟವಾಗಿತ್ತು: ನಿಂಟೆಂಡೊ ಆಡಿ ಆಡಿ ಹೆಬ್ಬೆರಳ ಸ್ನಾಯುರಜ್ಜು ನೋವು ತಂದುಕೊಂಡವರ ಪ್ರಕರಣ. ಅವರು ಆಡಿದ್ದು ಗಾಜಿನ ಮೇಲಲ್ಲ, ಗುಂಡಿಗಳಿರುವ ಕಂಟ್ರೋಲರ್‌ನಲ್ಲಿ. ಹಾಗಾಗಿ 'ಕಂಟ್ರೋಲರ್ ಕೊಂಡರೆ ಹೆಬ್ಬೆರಳು ನೋವು ಬರಲ್ಲ' ಎಂದು ಮಾರುವವರ ಮಾತನ್ನೂ ನಂಬಬೇಡಿ. ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ನೋವು, ಊತ ಇದ್ದು, ಪಾತ್ರೆ ಎತ್ತುವಾಗ, ಬಾಟಲಿ ಮುಚ್ಚಳ ತಿರುಗಿಸುವಾಗ ಚುಳ್ಳೆನ್ನುತ್ತಿದ್ದರೆ ಆಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ.

ಕೊಳ್ಳುವ ಮುಂಚೆ, ಹಾಕಿಕೊಂಡ ಮೇಲೆ

ಅಂಗಡಿಯವರನ್ನು ಕೇಳುವುದಕ್ಕಿಂತ ಮೊದಲು ಗೇಮ್‌ನ ಸೆಟ್ಟಿಂಗ್‌ಗಳನ್ನು ತೆರೆದು 'ಕಂಟ್ರೋಲರ್' ಅಥವಾ 'ಗೇಮ್‌ಪ್ಯಾಡ್' ಎಂಬ ಭಾಗವಿದೆಯೇ ನೋಡಿ. ಇದ್ದರೆ ಬೇರೆ ಯಾವ ಆ್ಯಪ್ ಕೂಡ ಬೇಕಾಗುವುದಿಲ್ಲ. ಕೆಲವು ಕಂಪನಿಗಳ ಆ್ಯಪ್ ಕಂಟ್ರೋಲರ್‌ನ ಒಳಗಿನ ಸಾಫ್ಟ್‌ವೇರ್ ಅಪ್‌ಡೇಟ್‌ಗಷ್ಟೇ. ಇಲ್ಲದಿದ್ದರೆ ಆ ಗೇಮ್‌ಗೆ ಸಾದಾ ಟ್ರಿಗರ್ ಸಾಕು ಮಾಡಿಕೊಳ್ಳಿ.

ಮ್ಯಾಪರ್ ಈಗಾಗಲೇ ಫೋನಿನಲ್ಲಿದ್ದರೆ ಸೆಟ್ಟಿಂಗ್‌ಗಳಲ್ಲಿ ಪ್ರವೇಶಿಸುವಿಕೆ ತೆರೆದು, ಡೌನ್‌ಲೋಡ್ ಮಾಡಿದ ಆ್ಯಪ್‌ಗಳ ಪಟ್ಟಿಯಲ್ಲಿ ಯಾವುದಕ್ಕೆಲ್ಲ ಅನುಮತಿ ಇದೆ ನೋಡಿ ಆಫ್ ಮಾಡಿ, ನಂತರ ಆ ಆ್ಯಪನ್ನು ತೆಗೆದುಹಾಕಿ. ಮನೆಯಲ್ಲಿ ಯಾರಾದರೂ ತೆರೆ ಓದುವ ಆ್ಯಪ್ ಬಳಸುತ್ತಿದ್ದರೆ ಅದನ್ನು ಮುಟ್ಟಬೇಡಿ. ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಇದ್ದರೆ ಅದನ್ನೂ ಆಫ್ ಮಾಡಿ; ಕೆಲವು ಬ್ಯಾಂಕ್ ಆ್ಯಪ್‌ಗಳು ಅದು ಆನ್ ಇರುವವರೆಗೆ ತೆರೆಯುವುದೇ ಇಲ್ಲ. ಖಾತೆಯಿಂದ ನಿಮಗೆ ಗೊತ್ತಿಲ್ಲದ ಹಣ ಹೋಗಿದ್ದರೆ ಫೋನಿನ ಇಂಟರ್ನೆಟ್ ನಿಲ್ಲಿಸಿ, ಬೇರೆ ಫೋನಿನಿಂದ ಬ್ಯಾಂಕಿಗೂ 1930 ಸಹಾಯವಾಣಿಗೂ ತಡಮಾಡದೆ ಕರೆ ಮಾಡಿ.