ವಿದೇಶದ ತರಗತಿಗೆ ಯಾವ ಉಡುಪು? ಸೂಟ್‌ಕೇಸ್ ಕಟ್ಟುವ ಮುನ್ನ ತಿಳಿಯಬೇಕಾದದ್ದು

ದಾವಣಗೆರೆ: ವಿದೇಶದ ಶಾಲೆಯಲ್ಲಿ ಇಂಗ್ಲಿಷ್ ಬೋಧಿಸುವ ಹುದ್ದೆ ದೊರೆತಾಗ ದಾವಣಗೆರೆ, ಹರಿಹರದಂಥ ಊರುಗಳ ಶಿಕ್ಷಕರು ಮೊದಲು ವಿಚಾರಿಸುವುದು ವೀಸಾ, ವೇತನ ಹಾಗೂ ವಸತಿಯ ಬಗ್ಗೆ. ಉಡುಪಿನ ಪ್ರಶ್ನೆ ಏಳುವುದು ಸಾಮಾನ್ಯವಾಗಿ ಹೊರಡುವ ವಾರದಲ್ಲಿ. ಆಗ ಚೌಕಿಪೇಟೆಯ ಅಂಗಡಿಗಳಿಗೆ ಧಾವಿಸಿ ಕೋಟು, ಟೈ, ಹೊಸ ಬೂಟುಗಳನ್ನು ಕೊಳ್ಳುವುದುಂಟು. ಇಂಗ್ಲಿಷ್ ಕಲಿಸುವವರು ಇಂಗ್ಲಿಷರಂತೆಯೇ ಕಾಣಬೇಕೆಂಬ ಭಾವನೆ ಇದರ ಹಿಂದಿದೆ. ಆದರೆ ಭಾರತೀಯ ಶಿಕ್ಷಕರು ಹೆಚ್ಚಾಗಿ ಹೋಗುವ ದೇಶಗಳಲ್ಲಿ ಉಡುಪನ್ನು ನಿರ್ಧರಿಸುವುದು ಬೋಧಿಸುವ ಭಾಷೆಯಲ್ಲ. ಅಲ್ಲಿನ ಹವೆ, ಧರ್ಮ ಮತ್ತು ಸ್ಥಳೀಯ ಶಿಕ್ಷಕರ ರೂಢಿ.

ಇದು ಕೇವಲ ಅಲಂಕಾರದ ವಿಚಾರವೂ ಅಲ್ಲ. ಮೊದಲ ಸಂಬಳ ಕೈಸೇರಲು ಕನಿಷ್ಠ ಒಂದು ತಿಂಗಳು ಬೇಕು. ವಿಮಾನದಲ್ಲಿ ಒಯ್ಯಲು ಅವಕಾಶವಿರುವುದು ಸಾಮಾನ್ಯವಾಗಿ 20ರಿಂದ 30 ಕೆ.ಜಿ. ಸಾಮಾನು ಮಾತ್ರ. ಸಾಲ ಮಾಡಿ ಹೊರಟ ಶಿಕ್ಷಕಿಯೊಬ್ಬರು ಉಪಯೋಗಕ್ಕೆ ಬಾರದ ಬಟ್ಟೆ ತುಂಬಿಕೊಂಡು ಹೋದರೆ, ಇಲ್ಲಿ ಅಗ್ಗವಾಗಿ ಹೊಲಿಸಬಹುದಾಗಿದ್ದನ್ನು ಅಲ್ಲಿ ಹೆಚ್ಚು ಬೆಲೆ ತೆತ್ತು ಕೊಳ್ಳಬೇಕಾಗುತ್ತದೆ.

ಮಾಲ್ಡೀವ್ಸ್‌ನ ಉದಾಹರಣೆ ನೋಡಬಹುದು. ಈ ದ್ವೀಪರಾಷ್ಟ್ರದ ಶಾಲೆಗಳಲ್ಲಿ ಭಾರತೀಯ ಶಿಕ್ಷಕರು ಬಹುಕಾಲದಿಂದ ದುಡಿಯುತ್ತಿದ್ದಾರೆ. ವರ್ಷವಿಡೀ ತಾಪಮಾನ ಸುಮಾರು 25ರಿಂದ 31 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಏಪ್ರಿಲ್ ತಿಂಗಳ ದಾವಣಗೆರೆಗಿಂತ ಇದು ಕಡಿಮೆಯೇ. ಆದರೂ ಅಲ್ಲಿನ ಸೆಕೆ ಹೆಚ್ಚು ಕಾಡುತ್ತದೆ. ಬಯಲುಸೀಮೆಯ ಒಣ ಬಿಸಿಲಿನಲ್ಲಿ ಬೆವರು ಬೇಗ ಆರುತ್ತದೆ. ಸಮುದ್ರದ ತೇವಾಂಶದಲ್ಲಿ ಅದು ಮೈಗೆ ಅಂಟಿಯೇ ಉಳಿಯುತ್ತದೆ. ಪೂರ್ಣ ಪಾಲಿಯೆಸ್ಟರ್ ಸೀರೆ ಅಥವಾ ಷರ್ಟು ಇಲ್ಲಿ ಶಿಕ್ಷೆಯೇ ಸರಿ. ದೋಣಿ ಹತ್ತಿ ಇಳಿಯುವ ದಿನಗಳಲ್ಲಿ ಸೀರೆಯ ಅಂಚು ಉಪ್ಪುನೀರಿನಲ್ಲಿ ನೆನೆಯುತ್ತದೆ, ಚರ್ಮದ ಬೂಟು ಬೇಗ ಹಾಳಾಗುತ್ತದೆ. ಸಂಪೂರ್ಣ ಇಸ್ಲಾಮಿಕ್ ರಾಷ್ಟ್ರವಾದ್ದರಿಂದ ತೋಳು, ಕಾಲುಗಳನ್ನು ಮುಚ್ಚುವ ಸಡಿಲ ಉಡುಪು ಒಪ್ಪಿತ. ಉದ್ದ ತೋಳಿನ ಹತ್ತಿಯ ಚೂಡಿದಾರ್ ಸೀರೆಗಿಂತ ಅನುಕೂಲ.

ಬಟ್ಟೆಯ ಗುಣ ಅರಿಯಲು ಈ ಭಾಗದವರು ದೂರ ಹೋಗಬೇಕಿಲ್ಲ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿತ್ತು. ಹರಿಹರದ ಎದುರು, ತುಂಗಭದ್ರೆಯ ಆಚೆ ದಡದಲ್ಲಿರುವ ಕುಮಾರಪಟ್ಟಣದ ಗ್ರಾಸಿಂ ಕಾರ್ಖಾನೆಗಳು ಮರದ ತಿರುಳು ಮತ್ತು ವಿಸ್ಕೋಸ್ ನೂಲೆಳೆಗೆ ಹೆಸರಾದವು. ಈ ವಿಸ್ಕೋಸನ್ನೇ ಅಂಗಡಿಗಳಲ್ಲಿ ರೇಯಾನ್ ಎನ್ನುತ್ತಾರೆ. ಅದು ಹತ್ತಿಯಂತೆ ಬೆವರು ಹೀರುತ್ತದೆ, ಮೈಮೇಲೆ ಸೊಗಸಾಗಿ ಇಳಿಬೀಳುತ್ತದೆ. ಆದರೆ ಒದ್ದೆಯಾದಾಗ ಬಲ ಕಳೆದುಕೊಳ್ಳುವುದರಿಂದ ಉಜ್ಜಿ ಒಗೆಯುವಂತಿಲ್ಲ. ಒಗೆದಾಗ ಕುಗ್ಗುವುದೂ ಉಂಟು. ಆದ್ದರಿಂದ ಹೊಲಿಸುವ ಮುನ್ನ ಒಮ್ಮೆ ನೀರಿಗೆ ಹಾಕಿ ಒಣಗಿಸಿ ದರ್ಜಿಗೆ ಕೊಡುವುದು ಲೇಸು. ಅಪ್ಪಟ ಹತ್ತಿಗೆ ದಿನವೂ ಇಸ್ತ್ರಿ ಬೇಕು. ಹತ್ತಿಯ ಪ್ರಮಾಣ ಹೆಚ್ಚಿರುವ ಮಿಶ್ರ ಬಟ್ಟೆ ಒಂಟಿಯಾಗಿ ವಾಸಿಸುವವರಿಗೆ ಹೆಚ್ಚು ಪ್ರಾಯೋಗಿಕ.

ಕೊಲ್ಲಿ ರಾಷ್ಟ್ರಗಳ ಸಮಸ್ಯೆ ಬೇರೆ ಬಗೆಯದು. ಬೇಸಿಗೆಯಲ್ಲಿ ಹೊರಗೆ 45 ಡಿಗ್ರಿ ಬಿಸಿಲು. ಒಳಗೆ ಹವಾನಿಯಂತ್ರಣದ ಚಳಿ. ತೆಳು ಬಟ್ಟೆಯೊಡನೆ ಒಂದು ಶಾಲು ಅಥವಾ ಹಗುರ ಸ್ವೆಟರ್ ಇರಲೇಬೇಕು. ಸಿಬಿಎಸ್‌ಇ ಪಠ್ಯಕ್ರಮದ ಅನೇಕ ಭಾರತೀಯ ಶಾಲೆಗಳಲ್ಲಿ ಶಿಕ್ಷಕಿಯರಿಗೆ ಸೀರೆ ಅಥವಾ ಚೂಡಿದಾರ್ ರೂಢಿಯಲ್ಲಿದೆ. ಸೌದಿ ಅರೇಬಿಯಾದಲ್ಲಿ ವಿದೇಶಿ ಮಹಿಳಾ ಪ್ರವಾಸಿಗರಿಗೆ ಅಬಾಯಾ ಎಂಬ ನಿಲುವಂಗಿ ಕಡ್ಡಾಯವಲ್ಲವೆಂದು 2019ರಲ್ಲಿ ಪ್ರಕಟವಾಯಿತು. ಆದರೆ ಪ್ರವಾಸಿಗೆ ಸಿಕ್ಕ ಸಡಿಲಿಕೆ ಶಾಲೆಯ ನೌಕರಿಗೂ ಅನ್ವಯಿಸುತ್ತದೆಂದು ಭಾವಿಸುವುದು ಸರಿಯಲ್ಲ. ಸಂಸ್ಥೆಯ ನಿಯಮವೇ ಅಲ್ಲಿ ಅಂತಿಮ.

ಆಫ್ರಿಕಾ ಎಂದರೆ ಸುಡುಬಿಸಿಲು ಎಂದು ನಂಬಿ ಇಥಿಯೋಪಿಯಾಕ್ಕೆ ಹೋದವರು ನಡುಗಬೇಕಾಗುತ್ತದೆ. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಿಂದಲೂ ಭಾರತೀಯ ಶಿಕ್ಷಕರು ಪಾಠ ಹೇಳಿರುವ ಆ ದೇಶದ ರಾಜಧಾನಿ ಅಡಿಸ್ ಅಬಾಬಾ 2,300 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ರಾತ್ರಿ ಚಳಿ. ಉಣ್ಣೆಯ ಸ್ವೆಟರ್, ಮಳೆಕೋಟು, ಕೆಸರು ತಡೆಯುವ ಬೂಟು ಅಗತ್ಯ. ಭೂತಾನದ ರಾಜಧಾನಿ ಥಿಂಫುವೂ ಸುಮಾರು ಅಷ್ಟೇ ಎತ್ತರದ ಊರು. ಅಲ್ಲಿನ ಶಿಕ್ಷಕರು ಶಾಲೆಗೆ ರಾಷ್ಟ್ರೀಯ ಉಡುಪಾದ ಘೋ ಅಥವಾ ಕಿರಾ ಧರಿಸುತ್ತಾರೆ. ವಿದೇಶಿಯರಿಗೆ ಆ ಕಟ್ಟುಪಾಡಿಲ್ಲ. ಆದರೆ ಎಲ್ಲರೂ ಕಟ್ಟುನಿಟ್ಟಿನ ಉಡುಪಿನಲ್ಲಿರುವ ಶಾಲೆಗೆ ಜೀನ್ಸ್ ತೊಟ್ಟು ಹೋಗುವುದು ಎಷ್ಟು ಅಸಂಗತವೆಂದು ಹೇಳಬೇಕಿಲ್ಲ.

ಕೋಟು, ಟೈಗೆ ನಿಜವಾದ ಬೆಲೆ ಇರುವುದು ಜಪಾನಿನಂಥ ಕಡೆ. ಅಲ್ಲಿಯೂ 2005ರಲ್ಲಿ ಸರ್ಕಾರವೇ ಆರಂಭಿಸಿದ ‘ಕೂಲ್ ಬಿಜ್’ ಅಭಿಯಾನದ ನಂತರ ಬೇಸಿಗೆಯಲ್ಲಿ ಟೈ ಕಳಚುವುದು ಸಾಮಾನ್ಯವಾಗಿದೆ. ಶಾಲೆಯ ಬಾಗಿಲಲ್ಲಿ ಹೊರಗಿನ ಪಾದರಕ್ಷೆ ಬಿಟ್ಟು ಒಳಗಿನದನ್ನು ಮೆಟ್ಟಬೇಕಾದ್ದರಿಂದ ಕಾಲುಚೀಲದಲ್ಲಿ ತೂತಿಲ್ಲದಂತೆ ನೋಡಿಕೊಳ್ಳುವುದು ಟೈಗಿಂತ ಮುಖ್ಯ!

ನೇಮಕಾತಿ ಪತ್ರ ಕೈಗೆ ಬಂದಾಗಲೇ ಶಾಲೆಗೆ ಪತ್ರ ಬರೆದು ವಿಚಾರಿಸುವುದು ಸೂಕ್ತ. ಸಿಬ್ಬಂದಿಗೆ ಲಿಖಿತ ವಸ್ತ್ರಸಂಹಿತೆ ಇದೆಯೇ, ಸೀರೆಗೆ ಅನುಮತಿಯುಂಟೇ, ತಲೆ ಮುಚ್ಚಬೇಕೇ, ಸಮವಸ್ತ್ರವನ್ನು ಶಾಲೆಯೇ ಕೊಡುತ್ತದೆಯೇ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಸಿಬ್ಬಂದಿಯ ಇತ್ತೀಚಿನ ಗುಂಪು ಛಾಯಾಚಿತ್ರವೊಂದನ್ನು ತರಿಸಿಕೊಂಡರೆ ಇನ್ನೂ ಒಳ್ಳೆಯದು. ಅದನ್ನು ನೋಡಿದ ನಂತರ ಒಂದು ವಾರಕ್ಕಾಗುವಷ್ಟು, ಐದು ಜೊತೆ ಮಾತ್ರ ಹೊಲಿಸಿ, ಅಳತೆಯ ಚೀಟಿಯನ್ನು ಇಲ್ಲಿನ ದರ್ಜಿಯ ಬಳಿಯೇ ಬಿಟ್ಟುಹೋಗಬಹುದು. ಮುಂದೆ ಬೇಕಾದದ್ದನ್ನು ಮನೆಯವರು ಹೊಲಿಸಿ, ಊರಿಗೆ ಬಂದುಹೋಗುವ ಸಹೋದ್ಯೋಗಿಗಳ ಕೈಯಲ್ಲಿ ಕಳುಹಿಸಲು ಅನುಕೂಲವಾಗುತ್ತದೆ.